ಕೊನೆಯ ಬೆಂಚಿನ ಭಾವ

ವಿನಯದಲ್ಲಿ ನಮ್ಮ ಭಾವನನ್ನು ಮೀರಿಸುವವರು ನರಸಿಂಹರಾಜಪುರ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ. ಇದ್ದರೂ ಭಾವ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಯಾರಾದರೂ ತಮಗಿಂತ ಒಂದು ಮೆಟ್ಟಿಲು ಕೆಳಗೆ ನಿಂತರೆ, ತಾವು ಎರಡು ಮೆಟ್ಟಿಲು ಇಳಿದು ನಿಲ್ಲುವ ಮನುಷ್ಯ ಅವರು. ಇಂಥ ವಿನಯವಂತನ ಜೊತೆ ಬಾಳುವುದು ಎಷ್ಟು ಕಷ್ಟ ಎನ್ನುವುದು ನಿಮಗೆ ಗೊತ್ತಿರಲಾರದು. ನನ್ನ ಅಕ್ಕನಿಗೆ ಗೊತ್ತಿತ್ತು. ಅವರನ್ನು ಮದುವೆಯಾದವಳು ಅವಳೇ.

ಭಾವ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು, ಈ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷಕ್ಕೆ ನಿವೃತ್ತರಾದರು. ನಾನು ಕೊಪ್ಪದ ಅಂಚೆ ಕಚೇರಿಯಲ್ಲಿ ಗುಮಾಸ್ತ. ನಮ್ಮದು ತಲೆಮಾರುಗಳ ಹಿಂದೆ ಘಟ್ಟ ಹತ್ತಿ ಬಂದ ಕ್ರೈಸ್ತ ಮನೆತನ. ಮನೆಯೊಳಗೆ ಕೊಂಕಣಿ, ಹೊರಗೆ ಕನ್ನಡ. ಆದರೆ ಭಾವ ವಾದಕ್ಕೆ ನಿಂತರೆ ಮನೆಯೊಳಗೂ ಕನ್ನಡವೇ ಆಗಬೇಕು. ವಾದದ ವಿಷಯ ಯಾವಾಗಲೂ ಒಂದೇ, ಯೆಹೂದ್ಯರು ಕಾಯುತ್ತಿದ್ದ ರಕ್ಷಕ ಮೆಸ್ಸೀಯ ಎಂಥವನು ಎನ್ನುವುದು.

"ಜನ ಕಾಯ್ತಾ ಇದ್ದದ್ದು ಎಂಥ ಮೆಸ್ಸೀಯನಿಗೆ? ಸೈನ್ಯ ಕಟ್ಟಿ ಸಿಂಹಾಸನ ಹತ್ತುವವನಿಗೆ. ಯೇಸುಸ್ವಾಮಿ ಎಂತ ಮಾಡಿದ? ಕತ್ತೆ ಮೇಲೆ ಬಂದ. ಶಕ್ತಿ ಇಲ್ಲದೆ ಅಲ್ಲ ಮಾರಾಯ, ಇದ್ದೂ ಕೆಳಗೆ ಇಳಿದ. ಅದನ್ನು ತಿಳ್ಕೋ ನೀನು."

"ಅವನು ಕತ್ತೆನಾದ್ರೂ ಹತ್ತಿದ ಭಾವ. ನೀವು ಬಸ್ಸಿನಲ್ಲಿ ಸೀಟು ಖಾಲಿ ಇದ್ರೂ ಕೂರೋದಿಲ್ಲ" ಎನ್ನುತ್ತಿದ್ದೆ ನಾನು.

ಅದು ನಿಜವೇ ಆಗಿತ್ತು. ನರಸಿಂಹರಾಜಪುರದಿಂದ ಕೊಪ್ಪದವರೆಗೂ ಅವರು ನಿಂತೇ ಬರುತ್ತಿದ್ದರು. ಮುಂದಿನ ಸ್ಟಾಪಿನಲ್ಲಿ ಯಾರಾದರೂ ಮುದುಕರು ಹತ್ತಿದರೆ ಎಂಬ ಮುಂದಾಲೋಚನೆ. ಒಬ್ಬ ಕಂಡಕ್ಟರ್ ತಾಳ್ಮೆಗೆಟ್ಟು, "ಹತ್ತು ಸೀಟು ಖಾಲಿ ಇದೆ ಕಣ್ರೀ, ಎಷ್ಟು ಜನ ಮುದುಕರು ಬರ್ತಾರೆ ಅಂತ ಮಾಡಿದ್ದೀರಿ?" ಎಂದು ಕೇಳಿದ್ದನಂತೆ.

ಚರ್ಚಿನಲ್ಲಿ ಭಾವನ ಜಾಗ ಕೊನೆಯ ಬೆಂಚು. ಮುಂದಿನ ಸಾಲಿನಲ್ಲಿ ಕೂರುವವರನ್ನು ಕಂಡರೆ ಅವರಿಗೆ ಒಂಥರಾ ಕನಿಕರ. ಒಂದು ಭಾನುವಾರ ಅವರು ಹೋಗುವಷ್ಟರಲ್ಲಿ ಆ ಜಾಗದಲ್ಲಿ ಕೇರಳದಿಂದ ಬಂದು ರಬ್ಬರ್ ತೋಟ ಮಾಡಿಕೊಂಡಿದ್ದ ಹಿರಿಯರೊಬ್ಬರು ಕೂತಿದ್ದರು. ಪಾಪ, ಅವರಿಗೆ ಮೊಣಕಾಲು ನೋವು. ಬಾಗಿಲಿಗೆ ಹತ್ತಿರ ಎಂದು ಕೂತವರು.

"ನೀವು ಮುಂದೆ ಹೋಗಿ ಕೂತ್ಕೊಳ್ಳಿ. ಇದು ಪಾಪಿಗಳ ಜಾಗ" ಎಂದರು ಭಾವ.

"ನಾನೂ ಪಾಪಿಯೇ" ಎಂದರು ಅವರು.

"ಇರಬಹುದು. ಆದ್ರೆ ನನ್ನಷ್ಟಲ್ಲ."

"ನಿಮಗೆ ಹೇಗೆ ಗೊತ್ತು? ನನ್ನ ಪಾಪ ನೀವು ನೋಡಿದ್ದೀರಾ?"

ಇಬ್ಬರೂ ತಂತಮ್ಮ ಪಾಪದ ಪರವಾಗಿ ಎಷ್ಟು ಜೋರಾಗಿ ವಾದಿಸಿದರೆಂದರೆ ಫಾದರ್ ಪ್ರವಚನ ನಿಲ್ಲಿಸಿ ನೋಡಿದರು. ಮುಂದಿನ ಭಾನುವಾರ ಭಾವ ಮನೆಯಿಂದ ಒಂದು ಸ್ಟೂಲು ಹೊತ್ತುಕೊಂಡು ಹೋಗಿ ಕೊನೆಯ ಬೆಂಚಿನ ಹಿಂದೆ, ಚಪ್ಪಲಿ ಬಿಡುವ ಜಾಗದಲ್ಲಿ ಹಾಕಿಕೊಂಡು ಕೂತರು. ಅವರ ಮುಖದಲ್ಲಿ ಚುನಾವಣೆ ಗೆದ್ದವರ ಕಳೆಯಿತ್ತು.

ಪವಿತ್ರ ಗುರುವಾರದಂದು ಫಾದರ್ ಊರಿನ ಹನ್ನೆರಡು ಜನರ ಕಾಲು ತೊಳೆಯುವ ಪದ್ಧತಿ ನಮ್ಮಲ್ಲಿದೆ. ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ. ಭಾವ ತಾವಾಗಿ ಒಂದು ವರ್ಷವೂ ಆ ಹನ್ನೆರಡರಲ್ಲಿ ಸೇರಿದವರಲ್ಲ. "ತೊಳೆಯೋದಾದ್ರೆ ಕರೀರಿ, ತೊಳೆಸಿಕೊಳ್ಳೋಕೆ ನಾನ್ಯಾರು?" ಎನ್ನುತ್ತಿದ್ದರು. ಒಂದು ವರ್ಷ ಒಬ್ಬರು ಜ್ವರವೆಂದು ಬರಲಿಲ್ಲ. ಫಾದರ್ ಒತ್ತಾಯ ಮಾಡಿ ಭಾವನನ್ನು ಕೂರಿಸಿದರು. ಫಾದರ್ ಬಗ್ಗಿ ನೀರು ಹುಯ್ದದ್ದೇ ತಡ, ಭಾವ ಕಾಲು ಎಳೆದುಕೊಂಡು, ಅವರ ಕೈಯ ಟವೆಲ್ ಕಸಿದು ತಾವೇ ಒರೆಸಿಕೊಂಡರು. ಅಷ್ಟಕ್ಕೇ ಬಿಡಲಿಲ್ಲ. ಒದ್ದೆಯಾಗಿದೆ ಎಂದು ಫಾದರ್ ಕೈಯನ್ನೂ ಒರೆಸಿ ಕಳಿಸಿದರು.

ಲೈನ್‌ಮನ್ ಆಗಿದ್ದಾಗ ಅವರು ಯಾರ ಮನೆಯಲ್ಲೂ ಒಂದು ತೊಟ್ಟು ಏನನ್ನೂ ಕುಡಿದವರಲ್ಲ. ಅದರ ಬಗ್ಗೆ ನಮಗೆಲ್ಲ ಹೆಮ್ಮೆಯಿತ್ತು. ಒಮ್ಮೆ ಕಡಹಿನಬೈಲಿನ ಕಡೆ ಮೂರು ದಿನ ಕರೆಂಟ್ ಇಲ್ಲದ ಮನೆಗೆ ಲೈನು ಸರಿಮಾಡಿ ಕೊಟ್ಟರು. ಆ ಮನೆಯ ಅಜ್ಜಿ ಮಜ್ಜಿಗೆ ತಂದು ನಿಂತಿದ್ದಾಳೆ. ಇವರು ಯಥಾಪ್ರಕಾರ, "ನಾನು ಸೇವೆ ಮಾಡೋಕೆ ಬಂದವನು ಅಮ್ಮ, ಮಾಡಿಸಿಕೊಳ್ಳೋಕಲ್ಲ" ಎಂದರಂತೆ.

"ಹಂಗಾದ್ರೆ ಪುಣ್ಯ ಎಲ್ಲಾ ನಿಮಗೇ ಬರ್ಬೇಕಾ? ನಮಗೆ ಒಂಚೂರೂ ಬೇಡ್ವಾ?" ಎಂದಳಂತೆ ಅಜ್ಜಿ.

ಭಾವ ಇದನ್ನು ಅಜ್ಜಿಯ ಮುಗ್ಧತೆ ಎಂದು ನಗುತ್ತಾ ಹೇಳುತ್ತಿದ್ದರು. ಒಳಗೆ ಬಟ್ಟೆ ಮಡಿಸುತ್ತಿದ್ದ ಅಕ್ಕ ಮಾತ್ರ, "ಆ ಅಜ್ಜಿ ಹೇಳಿದ್ದು ಸರಿ ಇದೆ" ಎಂದಿದ್ದಳು. ಆಗ ಅದನ್ನು ನಾನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಭಾವನ ಬಗ್ಗೆ ಮೊದಲು ಅನುಮಾನ ಬಂದದ್ದು ಕೊಪ್ಪದಲ್ಲಿ ನಡೆದ ನಮ್ಮ ಕಡೆಯ ಒಂದು ಮದುವೆಯಲ್ಲಿ. ಭಾವ ಎಂದಿನಂತೆ ಊಟಕ್ಕೆ ಕೂರದೆ ಅಂಗಿಯ ತೋಳು ಮಡಿಸಿ ಬಡಿಸಲು ನಿಂತಿದ್ದರು. ಎರಡು ಪಂಕ್ತಿಗೆ ಒಬ್ಬರೇ ಅನ್ನ ಬಡಿಸಿದರು. ಜನ ಹೊಗಳಿದಷ್ಟೂ ಅವರ ಬೆನ್ನು ಇನ್ನಷ್ಟು ಬಾಗುತ್ತಿತ್ತು. ಅಷ್ಟರಲ್ಲಿ ಅಡುಗೆ ಕಂಟ್ರಾಕ್ಟರು ಇವರನ್ನು ತನ್ನ ಆಳೆಂದೇ ತಿಳಿದು, "ಏಯ್, ಅಲ್ಲಿ ಎಂತ ನಿಂತಿದ್ದೀಯ? ಸಾರು ತಗೊಂಡು ಬಾ" ಎಂದು ಕೂಗಿದ.

ಭಾವ ಕೈಯಲ್ಲಿದ್ದ ಸೌಟನ್ನು ಅಲ್ಲೇ ಇಟ್ಟರು. ತೋಳು ಇಳಿಸಿ ಗುಂಡಿ ಹಾಕಿಕೊಂಡರು. ಊಟ ಮಾಡದೆ ಬಸ್‌ಸ್ಟ್ಯಾಂಡಿಗೆ ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ.

"ಎಂತ ಆಯ್ತು ಭಾವ? ನೀವು ಸೇವಕರಲ್ವಾ? ಸೇವಕರಿಗೆ ಹೇಳುವ ಹಾಗೆ ಹೇಳಿದ, ಅಷ್ಟೇ."

"ಸೇವೆ ಮಾಡೋದು ಬೇರೆ, ಕೆಲಸ ಹೇಳಿಸಿಕೊಳ್ಳೋದು ಬೇರೆ ಮಾರಾಯ" ಎಂದರು ಭಾವ. ಹೇಳಿದ ಮೇಲೆ ಆ ಮಾತು ಅವರಿಗೇ ಸರಿ ಕಾಣಲಿಲ್ಲವೇನೋ, ಬಸ್ಸು ಬರುವವರೆಗೆ ನನ್ನ ಮುಖ ನೋಡಲಿಲ್ಲ.

ಅದರ ಮುಂದಿನ ಡಿಸೆಂಬರಿನಲ್ಲಿ ಚರ್ಚಿನ ಮುಂಭಾಗಕ್ಕೆ ಕ್ರಿಸ್ಮಸ್ ನಕ್ಷತ್ರ ಕಟ್ಟುವ ಕೆಲಸವಿತ್ತು. ಹಳೆಯ ಲೈನ್‌ಮನ್ ಇರುವಾಗ ಬೇರೆ ಯಾರು ಏಣಿ ಹತ್ತಬೇಕು? ಮೊಣಕಾಲು ನೋವಿನ ರಬ್ಬರ್ ತೋಟದ ಹಿರಿಯರು ಅಲ್ಲೇ ಇದ್ದರು. "ನಾನು ಏಣಿ ಹಿಡ್ಕೊಳ್ತೇನೆ" ಎಂದು ಮುಂದೆ ಬಂದರು. "ಬೇಡ ಬೇಡ, ನಿಮಗ್ಯಾಕೆ ತೊಂದರೆ" ಎಂದು ಭಾವ ಅವರ ಕೈ ಬಿಡಿಸಿ ಹತ್ತಿದರು. ಮೂವತ್ತು ವರ್ಷ ಕಂಬ ಹತ್ತಿಳಿದರೂ ಒಂದು ಗಾಯ ಮಾಡಿಕೊಳ್ಳದ ಮನುಷ್ಯ, ಹತ್ತಡಿ ಏಣಿ ಜಾರಿ ಬಿದ್ದು ಬಲಗೈಯನ್ನು ಎರಡು ಕಡೆ ಮುರಿದುಕೊಂಡರು. ಭುಜದಿಂದ ಬೆರಳಿನ ಬುಡದವರೆಗೂ ಪ್ಲಾಸ್ಟರ್ ಬಿತ್ತು.

ಅಕ್ಕನಿಗೆ ಮಕ್ಕಳಿಲ್ಲ. ಮನೆಯಲ್ಲಿ ಇಬ್ಬರೇ. ಬಲಗೈ ಇಲ್ಲದ ಮನುಷ್ಯನಿಗೆ ಉಣಿಸಬೇಕು, ಸ್ನಾನ ಮಾಡಿಸಬೇಕು, ಅಂಗಿ ಹಾಕಬೇಕು. ಭಾವ ಒಂದನ್ನೂ ಮಾಡಗೊಡಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಉಂಡರು. ಅರ್ಧ ಅನ್ನ ಬಾಯಿಗೆ, ಅರ್ಧ ಎದೆಗೆ. ಬಚ್ಚಲಿಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದರು. ಹೊರಗೆ ಅಕ್ಕ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು. ಒಂದು ದಿನ ಒಳಗೆ ಜಾರಿ ಮತ್ತೆ ಬಿದ್ದರು. ಕೂಡುತ್ತಿದ್ದ ಮೂಳೆ ಸರಿಯಿತು, ಶಿವಮೊಗ್ಗಕ್ಕೆ ಹೋಗಿ ಹೊಸದಾಗಿ ಪ್ಲಾಸ್ಟರ್ ಹಾಕಿಸಿಕೊಂಡು ಬರಬೇಕಾಯಿತು. ಬಂದ ಮೇಲೂ ಚಿಲಕ ಹಾಕುವುದನ್ನು ಬಿಡಲಿಲ್ಲ.

ಒಂದು ಗುರುವಾರ ಹನ್ನೊಂದು ಗಂಟೆಯ ಬಸ್ಸಿಗೆ ಅಕ್ಕ ಒಂದು ಬ್ಯಾಗು ಹಿಡಿದುಕೊಂಡು ಕೊಪ್ಪದ ನಮ್ಮ ಮನೆಗೆ ಬಂದಳು. ಐವತ್ತೆಂಟು ವರ್ಷದ ಹೆಂಗಸು, ಯಾವತ್ತೂ ಗಂಡನ ಮೇಲೆ ಒಂದು ದೂರು ಹೇಳಿದವಳಲ್ಲ.

"ಭಾವ ಬೈದ್ರಾ?" ಎಂದು ಕೇಳಿದೆ.

"ಬೈದಿದ್ರೆ ಬರ್ತಿರ್ಲಿಲ್ಲ" ಎಂದಳು. ಸ್ವಲ್ಪ ಹೊತ್ತು ಬ್ಯಾಗಿನ ಹಿಡಿ ತಿರುಚುತ್ತಾ ಕೂತಳು. "ಮೂವತ್ನಾಲ್ಕು ವರ್ಷ ಆಯ್ತು. ಇವರು ನನ್ನ ಹತ್ರ ಒಂದು ಲೋಟ ಕಾಫಿ ಕೇಳಿಲ್ಲ. ನಾನು ಏಳೋಕೆ ಮುಂಚೆ ಎದ್ದು ನನಗೇ ಮಾಡಿ ಕೊಡ್ತಾರೆ. ಊರಿನವರೆಲ್ಲ ನಿನ್ನಷ್ಟು ಪುಣ್ಯವಂತೆ ಇಲ್ಲ ಅಂತಾರೆ. ಕೈ ಮುರಿದಾಗಲಾದ್ರೂ ನಾನು ಬೇಕಾಗ್ತೀನಿ ಅಂದ್ಕೊಂಡಿದ್ದೆ. ಆಗ್ಲಿಲ್ಲ. ಯಾರಿಗೂ ಬೇಡದವಳು ಎಲ್ಲಿದ್ರೆ ಎಂತ?"

ಮರುದಿನ ಬೆಳಿಗ್ಗೆ ರಜೆ ಹಾಕಿ, ಅವಳನ್ನು ಒಪ್ಪಿಸಿ ಕರೆದುಕೊಂಡು ಹೊರಟೆ. ಅವಳು ನನ್ನ ಜೊತೆ ಹೊರಟದ್ದು ಜಗಳ ಮುಗಿಸಲಿಕ್ಕಲ್ಲ, ಉಳಿದ ಬಟ್ಟೆ ತರಲಿಕ್ಕೆ.

ಬಾಗಿಲು ತೆರೆದೇ ಇತ್ತು. ಭಾವ ಹಾಲಿನ ನಡುವೆ ನಿಂತಿದ್ದರು. ಬನಿಯನ್ ಬಿಚ್ಚಲು ಹೋಗಿ ಅದು ಪ್ಲಾಸ್ಟರಿಗೂ ಗಲ್ಲಕ್ಕೂ ಸಿಕ್ಕಿಕೊಂಡು, ತಲೆ ಪೂರ್ತಿ ಒಳಗೆ, ಎಡಗೈ ಮೇಲೆ. ಎಷ್ಟು ಹೊತ್ತಿನಿಂದ ಹಾಗೆ ನಿಂತಿದ್ದರೋ. ಪಕ್ಕದ ಮನೆ ಹತ್ತು ಹೆಜ್ಜೆ ದೂರ, ಆದರೆ ಕೂಗಿರಲಿಲ್ಲ.

"ಯಾರು?" ಎಂದರು ಬನಿಯನ್ನಿನ ಒಳಗಿನಿಂದ.

"ನಾನು ಭಾವ."

"ಬಂದ್ಯಾ? ಕೂತ್ಕೋ ಮಾರಾಯ. ಕಾಫಿ ಮಾಡ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ನೋಡಿದ ಮೇಲೆ ನಗು ನಿಂತಿತು. ಅವಳು ಹೋಗಿ ಬನಿಯನ್ ಬಿಡಿಸಿದಳು. ಭಾವನ ಮುಖ ಹೊರಗೆ ಬಂತು. ಒಂದೇ ದಿನದಲ್ಲಿ ಸೊರಗಿತ್ತು. ಕೂದಲು ಜಡೆಗಟ್ಟಿತ್ತು. ಅವಳನ್ನು ನೋಡಿ, "ನಿನಗೆ ತೊಂದರೆ" ಎಂದರು. ಅಕ್ಕ ತಿರುಗಿ ಅಡುಗೆ ಮನೆಗೆ ಹೋದಳು.

ಅಂದು ತಿಂಗಳ ಮೊದಲ ಶುಕ್ರವಾರ. ಕಾಯಿಲೆಯವರ ಮನೆಗೆ ಪರಮಪ್ರಸಾದ ತರುವ ಫಾದರ್ ಸ್ವಲ್ಪ ಹೊತ್ತಿಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರು, ಹೊಸದಾಗಿ ಬಂದವರು. ಪ್ರಾರ್ಥನೆ ಮುಗಿದ ಮೇಲೆ ಭಾವ ತಮ್ಮ ವಾದ ತೆಗೆದರು. ಯೇಸು ಕಡೇತನಕ ಸೇವಕನಾಗಿಯೇ ಇದ್ದ, ಯಾರಿಂದಲೂ ಏನೂ ಮಾಡಿಸಿಕೊಳ್ಳಲಿಲ್ಲ, ಮೆಸ್ಸೀಯ ಅಂದರೆ ಅದೇ ಅರ್ಥ, ಎಂದು.

"ಪದದ ಅರ್ಥ ಅದಲ್ಲ" ಎಂದರು ಫಾದರ್. "ಮೆಸ್ಸೀಯ ಅಂದ್ರೆ ಅಭಿಷಿಕ್ತ. ಹಿಂದೆ ರಾಜನನ್ನು ಮಾಡುವಾಗ ತಲೆಗೆ ಎಣ್ಣೆ ಹುಯ್ಯುತ್ತಿದ್ರು. ಅದನ್ನು ಯಾರೂ ತಾವೇ ಹುಯ್ದುಕೊಳ್ಳೋದಿಲ್ಲ, ಇನ್ನೊಬ್ಬರು ಹುಯ್ಯಬೇಕು."

"ಇವನಿಗೆ ಯಾರು ಹುಯ್ದರು ಫಾದರ್? ಅಂಥ ಆಡಂಬರ ಅವನಿಗೆ ಬೇಕಾಗಿರಲಿಲ್ಲ."

"ಹುಯ್ದರಲ್ಲ. ಸಾಯೋಕೆ ಸ್ವಲ್ಪ ದಿನ ಮುಂಚೆ, ಊಟಕ್ಕೆ ಕೂತಿದ್ದಾಗ, ಒಬ್ಬ ಹೆಂಗಸು ಬಂದು ಸುಗಂಧದ ಎಣ್ಣೆ ತಲೆ ಮೇಲೆ ಸುರಿದಳು."

ಅಡುಗೆ ಮನೆಯ ಬಾಗಿಲಿನಿಂದ ಅಕ್ಕನ ದನಿ ಬಂತು. "ಆಗ ಅವನು ಎಂತ ಮಾಡಿದ ಫಾದರ್?"

"ಸುಮ್ಮನೆ ಕೂತಿದ್ದ."

"ಬೇಡ ಅನ್ಲಿಲ್ವಾ? ನಿನಗೆ ತೊಂದರೆ ಅಂತ?"

"ಇಲ್ಲ. ಬೇಡ ಅಂದದ್ದು ಪಕ್ಕದಲ್ಲಿ ಕೂತವರು. ಇವನು ಅವರನ್ನೇ ಸುಮ್ಮನಿರಿಸಿದ. ಅವಳು ಮಾಡಿದ್ದು ತನಗೆ ಇಷ್ಟ ಆಯ್ತು ಅಂದ."

"ಅಷ್ಟು ಗೊತ್ತಾಗ್ಬೇಕಿತ್ತು ನನಗೆ" ಎಂದು ಅಕ್ಕ ಒಳಗೆ ಹೋದಳು.

ಫಾದರ್ ಎದ್ದು ಹೋದರು. ನಾನು ಜಗುಲಿಯಲ್ಲಿ ಕೂತು ಯೋಚಿಸಿದೆ. ಎಲ್ಲರಿಗೂ ಕೊಡುತ್ತಾ, ಯಾರಿಂದಲೂ ತೆಗೆದುಕೊಳ್ಳದೆ ಇದ್ದಷ್ಟು ಕಾಲ ಭಾವ ನಮ್ಮೆಲ್ಲರಿಗಿಂತ ಮೇಲೇ ಇದ್ದರು. ಚಪ್ಪಲಿ ಬಿಡುವ ಜಾಗದಲ್ಲಿ ಕೂತಾಗಲೂ ಮೇಲೇ ಇದ್ದರು. ಲೋಕಕ್ಕೆಲ್ಲ ಒಡೆಯನಾದವನು ಊಟದ ನಡುವೆ ಒಬ್ಬ ಹೆಂಗಸಿಗೆ ತಲೆಯೊಡ್ಡಿ ಕೂತನಲ್ಲ, ಆ ಇಳಿಯುವಿಕೆ ಭಾವನ ಲೆಕ್ಕದಲ್ಲಿ ಬಂದೇ ಇರಲಿಲ್ಲ. ನನ್ನ ಲೆಕ್ಕದಲ್ಲೂ ಬಂದಿರಲಿಲ್ಲ ಅನ್ನಿ.

ಅಕ್ಕ ಹೊರಗೆ ಬಂದಾಗ ಅವಳ ಕೈಯಲ್ಲಿ ಬಟ್ಟೆಯ ಗಂಟು ಇರಲಿಲ್ಲ. ಬಿಸಿ ಮಾಡಿದ ತೆಂಗಿನೆಣ್ಣೆಯ ಬಟ್ಟಲಿತ್ತು. ಭಾವನ ಕುರ್ಚಿಯ ಹಿಂದೆ ನಿಂತು, "ತಲೆ ಬಗ್ಗಿಸಿ" ಎಂದಳು.

"ನಾನೇ ಎಡಗೈಯಲ್ಲಿ..." ಎಂದು ಭಾವ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರು. ಅವರ ಕತ್ತು ಬಿಗಿದುಕೊಂಡಿದ್ದು ನನಗೆ ಜಗುಲಿಯಿಂದಲೇ ಕಾಣುತ್ತಿತ್ತು. ಅಕ್ಕ ಕಾದಳು. ಆಮೇಲೆ ಆ ತಲೆ ನಿಧಾನವಾಗಿ ಮುಂದಕ್ಕೆ ಬಾಗಿತು.

ಅವಳು ನೆತ್ತಿಗೆ ಎಣ್ಣೆ ಹುಯ್ದು, ಬೆರಳಾಡಿಸಿ, ಗಂಟುಕಟ್ಟಿದ ಕೂದಲನ್ನು ಒಂದೊಂದಾಗಿ ಬಿಡಿಸಿದಳು. ನಾನು ಎದ್ದು ಹೋಗೋಣವೆಂದು ಚಪ್ಪಲಿಗೆ ಕಾಲು ಹಾಕಿದ್ದೆ. ಆಗ ಭಾವ ಕಣ್ಣು ಮುಚ್ಚಿಕೊಂಡೇ, ನಾನು ಅದುವರೆಗೆ ಕೇಳಿರದ ಸಣ್ಣ ದನಿಯಲ್ಲಿ, "ಕಿವಿ ಹಿಂದೆ ಸ್ವಲ್ಪ ಹಾಕ್ತೀಯಾ? ಅಲ್ಲಿ ತುಂಬಾ ದಿನದಿಂದ ತುರಿಸ್ತಾ ಇದೆ" ಎಂದರು.

ಅಕ್ಕನ ಕೈ ಒಂದು ಕ್ಷಣ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡು ಕೇಳಿದಳು.

"ಎಲ್ಲಿ? ಇಲ್ಲೇನಾ?"

"ಇನ್ನೂ ಸ್ವಲ್ಪ ಕೆಳಗೆ."