ಅಂಚು ಸೆರಗಿನ ಪ್ರಾರ್ಥನಾ ಮನೆ

ಒಂದು ಬಕೆಟ್ ಸುಣ್ಣ, ಒಂದು ಪುಂಡಿನಾರಿನ ಕುಂಚ, ಒಂದು ಅಂಚೆ ಕಾರ್ಡು. ಇಪ್ಪತ್ತೆರಡು ವರ್ಷದ ನೀಲ್ಸನನ್ನು ಪೇಚಿಗೆ ಸಿಕ್ಕಿಸಲು ಇಷ್ಟು ಸಾಕಾಯಿತು.

ಏಸುಸ್ವಾಮಿಯ ಸೇವೆಗೆಂದು ಡೆನ್ಮಾರ್ಕಿನಿಂದ ಹೊರಟು ಅವನು ಬನಹಟ್ಟಿಯಲ್ಲಿ ಬಂದಿಳಿದು ಒಂಬತ್ತು ದಿನವಾಗಿತ್ತು. ಅದು ಎಪ್ಪತ್ಮೂರನೆಯ ಇಸವಿ. ‘ನೀಲ್ಸ್’ ಎಂಬುದು ಯಾರೋ ಅರ್ಧಕ್ಕೆ ನಿಲ್ಲಿಸಿದ ಹೆಸರಿನಂತೆ ಕೇಳಿಸಿದ್ದರಿಂದ ಓಣಿಯವರು ಉಳಿದರ್ಧವನ್ನು ತಾವೇ ಸೇರಿಸಿ ‘ನೀಲಪ್ಪ’ ಎಂದು ಮುಗಿಸಿದ್ದರು. ಹುಡುಗನ ಕಣ್ಣೂ ನೀಲಿಯಾಗಿದ್ದರಿಂದ ತಕರಾರೇನೂ ಬರಲಿಲ್ಲ.

ಹಡಗಿನಲ್ಲಿ ಬರುವಾಗ ಅವನು ನೂರು ವರ್ಷ ಹಳೆಯ ವ್ಯಾಕರಣ ಪುಸ್ತಕವೊಂದರಿಂದ ಕನ್ನಡ ಕಲಿತಿದ್ದ. ಮೊದಲ ದಿನವೇ ಪಕ್ಕದ ಮನೆಯ ಗುರುಬಸವ್ವನಿಗೆ ಕೈಮುಗಿದು, “ಅಮ್ಮನವರೇ, ತಾವು ಕ್ಷೇಮವಾಗಿರುವಿರೋ?” ಎಂದು ಕೇಳಿದ್ದ. ಆಕೆ ಹಣೆ ಬಡಿದುಕೊಂಡು, “ಯಪ್ಪಾ, ಇವ ಬಯಲಾಟದಾಗಿನ ರಾಜನಂಗ ಮಾತಾಡತಾನಲ್ಲೋ! ಉಂಡೀಯೋ ಇಲ್ಲೋ ಅದನ್ನ ಹೇಳು” ಎಂದು ರೊಟ್ಟಿ, ಶೇಂಗಾಹಿಂಡಿ ಮುಂದಿಟ್ಟಿದ್ದಳು. ಅಂದಿನಿಂದ ನೀಲ್ಸನಿಗೆ ಈ ಊರು ಬಿಡುವ ಮನಸ್ಸಿಲ್ಲ. ಮಗ್ಗಗಳ ಖಟಾಖಟ್ ಇಲ್ಲದಿದ್ದರೆ ಈಗ ಅವನಿಗೆ ನಿದ್ದೆಯೂ ಹತ್ತುತ್ತಿರಲಿಲ್ಲ.

ಅಷ್ಟರಲ್ಲಿ ಜಮಖಂಡಿಯಿಂದ ಅವನ ಮೇಲಧಿಕಾರಿ ಸಮಾಧಾನಪ್ಪ ಪಾದ್ರಿಗಳ ಕಾರ್ಡು ಬಂತು. ಹೆಸರು ಸಮಾಧಾನಪ್ಪ, ಆದರೆ ಅವರಿಗೆ ಸಮಾಧಾನವಾದದ್ದನ್ನು ಕಂಡವರಿಲ್ಲ. “ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಬರುವೆ. ಅಷ್ಟರೊಳಗೆ ಓಣಿಯ ಪ್ರಾರ್ಥನಾ ಮನೆಗೆ ನಿನ್ನ ಕೈಯಾರೆ ಸುಣ್ಣ ಹಚ್ಚಿರತಕ್ಕದ್ದು. ಕೆಲಸ ನೋಡಿ ನಿನ್ನನ್ನು ಎಲ್ಲಿ ಇಡಬೇಕೆಂದು ನಿರ್ಧರಿಸುವೆ.”

ಕಾರ್ಡು ಓದಿಕೊಟ್ಟವನು ಎದುರುಮನೆಯ ಚನಮಲ್ಲಪ್ಪ. ನಾಲ್ಕು ಮಗ್ಗದ ಮಾಲೀಕ. ಓಣಿಗೆಲ್ಲ ಬಿಟ್ಟಿ ವಕೀಲ.

“ಎಲ್ಲಿ ಇಡಬೇಕು ಅಂದ್ರೇನು, ತಿಳೀತಿಲ್ಲೋ?” ಎಂದು ಅವನು ಕನ್ನಡಕ ಇಳಿಸಿದ. “ಸುಣ್ಣ ಹಚ್ಚಿದ್ರ ಬನಹಟ್ಟ್ಯಾಗ ಇಡತಾರ. ಹಚ್ಚಲಿಲ್ಲ ಅಂದ್ರ ಹಡಗದಾಗ ಇಡತಾರ.”

ಮಂಗಳವಾರ ಬೆಳಿಗ್ಗೆ ಏಳಕ್ಕೇ ನೀಲ್ಸ್ ಪ್ಯಾಂಟು ಮಡಚಿ ನಿಂತ. ಓಣಿಯ ತುಂಬ ಮಗ್ಗಗಳು ಓಡುತ್ತಿದ್ದವು, ಇವನತ್ತ ನೋಡುವವರಿಲ್ಲ. ಕುಂಚ ಅದ್ದಿ, ಗೋಡೆಗೆ ಬಳಿದು, ಅಂಗಿಗೆ ಒರೆಸಿ, ಒಂಬತ್ತರ ಹೊತ್ತಿಗೆ ನಾಲ್ಕು ಅಡಿ ಗೋಡೆ ಬಿಳಿಯಾಯಿತು. ನೀಲ್ಸ್ ಪೂರ್ತಿ ಬಿಳಿಯಾದ.

ಆಗ ಕರೆಂಟು ಹೋಯಿತು.

ಮೊದಲು ಮೂಲೆಮನೆಯ ರಾಚಪ್ಪನ ಮಗ್ಗ ಖಟಾ ಎಂದು ‘ಖಟ್’ ಅನ್ನುವುದನ್ನು ಮರೆಯಿತು. ಮರುಕ್ಷಣ ಓಣಿಗೆ ಓಣಿಯೇ ಬಾಯಿ ಮುಚ್ಚಿತು. ಬಾಗಿಲುಗಳು ತೆರೆದವು. ತಲೆಯ ಮೇಲೆ ಅರಳೆ ಅಂಟಿಸಿಕೊಂಡ ಮೂವತ್ತು ನೇಕಾರರು ಹೊರಗೆ ಬಂದು ಬೀಡಿ ಹಚ್ಚಿದರು. ನೇಕಾರನ ಕೈ ಸುಮ್ಮನಿರುವ ಕೈಯಲ್ಲ. ಅರವತ್ತು ಕೈಗಳು ಕೆಲಸ ಹುಡುಕುತ್ತ ನಿಂತಿದ್ದಾಗ ಕಣ್ಣಿಗೆ ಬಿದ್ದವನು ನೀಲ್ಸ್.

ಮೊದಲು ಧಾವಿಸಿ ಬಂದವಳು ಗುರುಬಸವ್ವ. “ಎಲಾ ಇವನ! ಪಾವಣ್ಯಾ ಆಗಿ ಬಂದ ಕೂಸು ದುಡಿಯಾಕತ್ತೈತಿ, ನೀವು ಬೀಡಿ ಸೇದಕೋತ ನಿಂತೀರಿ? ಮನಿಗೆ ಬಂದವರನ್ನ ದುಡಿಸಿದ ಓಣಿ ಅಂತ ನಾಳೆ ಮಗ್ಗಲ ಊರ ರಬಕವಿಯವರು ನಗಬೇಕೇನು?”

ಕುಂಚ ಆಕೆಯ ಕೈಸೇರಿತು.

“ಅಮ್ಮನವರೇ, ದಯಮಾಡಿ ಕುಂಚವನ್ನು ಹಿಂದಿರುಗಿಸಿರಿ. ಇದು ನನ್ನ ಕರ್ತವ್ಯವಾಗಿರುತ್ತದೆ.”

ನಕಲು ಮಾಡುವುದರಲ್ಲಿ ಹೆಸರಾದ ಮುದಕಪ್ಪ ಎದೆಯ ಮೇಲೆ ಕೈಯಿಟ್ಟು ಅದೇ ರಾಗ ತೆಗೆದ: “ನೀಲಪ್ಪನವರೇ, ತಾವು ಕಟ್ಟೆಯ ಮೇಲೆ ಆಸೀನರಾಗುವಂಥವರಾಗಿರಿ! ಚಹಾ ಕುಡಿಯುವಂಥವರಾಗಿರಿ! ಲೇ ರಾಚ್ಯಾ, ಏಣಿ ತಾರಲೇ!”

ಇನ್ನು ನಡೆದದ್ದು ನೀಲ್ಸನ ಕೈಯಲ್ಲಿರಲಿಲ್ಲ. ಅವನ ಕೈಯಲ್ಲಿ ಇದ್ದದ್ದು ಚಹಾದ ಬಟ್ಟಲು.

ಮುದಕಪ್ಪ ಸುಣ್ಣದಲ್ಲಿ ಬೆರಳಿಟ್ಟು, ನೂಲು ನೋಡುವಂತೆ ಉಜ್ಜಿ ನೋಡಿದ. “ಗಂಜಿ ಇಲ್ಲ. ಗಂಜಿ ಹಾಕದ ನೂಲು ಮಗ್ಗಕ್ಕ ನಿಂದ್ರತೈತೇನು? ಹಂಗ ಸುಣ್ಣಾನೂ ಗ್ವಾಡಿಗೆ ನಿಂದ್ರಂಗಿಲ್ಲ.” ನೂಲಿಗೆಂದು ಕಾಸಿಟ್ಟಿದ್ದ ಎರಡು ಕೊಡ ಗಂಜಿ ಸುಣ್ಣಕ್ಕೆ ಬಿತ್ತು. ಆಮೇಲೆ ಬಳಿಯುವ ರೀತಿಯ ಬಗ್ಗೆ ಜಗಳವಾಯಿತು. ಮೊದಲ ಕೈ ಮೇಲಿಂದ ಕೆಳಕ್ಕೆ, ಅದು ಹಾಸು. ಎರಡನೆಯ ಕೈ ಎಡದಿಂದ ಬಲಕ್ಕೆ, ಅದು ಹೊಕ್ಕು ಎಂದು ತೀರ್ಮಾನವಾಯಿತು. ಗೋಡೆ ಎನ್ನುವುದು ನಿಂತುಕೊಂಡಿರುವ ಬಟ್ಟೆ ಎಂಬ ವಿಷಯದಲ್ಲಿ ಮಾತ್ರ ಯಾರಿಗೂ ಸಂಶಯವಿರಲಿಲ್ಲ.

ನೀಲ್ಸ್ ಮೆಲ್ಲಗೆ ಎದ್ದು ಇನ್ನೊಂದು ಕುಂಚ ಹಿಡಿದು ಹಿತ್ತಲ ಗೋಡೆಗೆ ಹೋದ. ಅಲ್ಲಿಂದ ಅವನನ್ನು ಮದುಮಗನಂತೆ ಮೆರೆಸಿಕೊಂಡು ತಂದು ಮತ್ತೆ ಕೂರಿಸಿದರು. ಮಾಳಿಗೆ ಹತ್ತಿ ಮೇಲಿನ ಕೈಪಿಡಿ ಗೋಡೆಗಾದರೂ ಬಳಿಯೋಣವೆಂದು ಹೋದರೆ ರಾಚಪ್ಪ ಕೆಳಗಿಂದ ಏಣಿ ತೆಗೆದ.

“ಇಳೀಬ್ಯಾಡೋ ಯಪ್ಪಾ, ಅಲ್ಲೇ ಆರಾಮ ಕೂಡ್ರು!” ಎಂದು ಗುರುಬಸವ್ವ ಕೂಗಿದಳು. “ಚಾ ಮ್ಯಾಲ ಕಳಸತೇನಿ!” ಬಾವಿಯ ಹಗ್ಗಕ್ಕೆ ತಂಬಿಗೆ ಕಟ್ಟಿ ಆರನೆಯ ಚಹಾ ಮೇಲೇರಿತು.

ಅವನಿಗೆ ದಕ್ಕಿದ ಕೆಲಸ ಒಂದೇ. ಗಂಜಿಯ ರುಚಿ ಹತ್ತಿದ, ಓಣಿಯ ಕರೆವ್ವನ ಆಡು ಬಾಗಿಲ ಬಳಿಯ ಗೋಡೆಯನ್ನು ನೆಕ್ಕಿ ನೆಕ್ಕಿ ಮಣ್ಣು ಕಾಣಿಸತೊಡಗಿತ್ತು. ನೀಲ್ಸನನ್ನು ಮಾಳಿಗೆಯಿಂದ ಇಳಿಸಿ ಆಡು ಕಾಯಲು ನಿಲ್ಲಿಸಿದರು. “ಹೋಗುವಂಥದ್ದಾಗು! ದೂರ ಸರಿಯುವಂಥದ್ದಾಗು!” ಎಂದು ಅವನು ಬೇಡಿಕೊಂಡ. ಆಡಿಗೆ ಅಂಥ ಮರ್ಯಾದೆ ರೂಢಿಯಿರಲಿಲ್ಲ. ಅದು ಅವನ ಸುಣ್ಣದ ಅಂಗಿಯನ್ನೂ ನೆಕ್ಕಿತು.

ಮೂರು ಗಂಟೆಗೆ ಗೋಡೆಗಳು ಹಾಲಿನಂತಾದವು. ಎಲ್ಲರೂ ಹಿಂದೆ ಸರಿದು ನೋಡಿದರು. ಯಾಕೋ ಯಾರಿಗೂ ಮನಸ್ಸು ತುಂಬಲಿಲ್ಲ.

“ಅಂಚಿಲ್ಲ,” ಎಂದ ಚನಮಲ್ಲಪ್ಪ.

“ಖರೆ!” ಎಂದರು ಮೂವತ್ತು ಜನ.

“ಬೇಡಿರಿ! ಸಮಾಧಾನಪ್ಪನವರು ಕೋಪಗೊಳ್ಳುವರು!” ಎಂದು ನೀಲ್ಸ್ ಅಡ್ಡ ಬಂದ.

“ಸುಮ್ಮನಿರೋ,” ಎಂದ ಚನಮಲ್ಲಪ್ಪ. “ಅಂಚಿಲ್ಲದ ಸೀರಿ ಅರಿವಿ ಅನಿಸತೈತಿ, ಸೀರಿ ಅನಸಂಗಿಲ್ಲ. ನಿಮ್ಮ ದೇವರ ಮನಿ ನಾಲ್ಕ ಮಂದ್ಯಾಗ ಬೋಳು ಕಾಣಬೇಕೇನು?”

ಕೆಮ್ಮಣ್ಣು ಬಂತು. ಗೋಡೆಯ ಬುಡದುದ್ದಕ್ಕೂ ಒಂದು ಮೊಳ ಕೆಂಪು ಅಂಚು ಓಡಿತು. ಬಾಗಿಲ ಸುತ್ತ ಹಲ್ಲುಹಲ್ಲಾದ ಸೆರಗು ಮೂಡಿತು. ಪ್ರಾರ್ಥನಾ ಮನೆ ಮದುವೆಗೆ ಹೊರಟ ಮುತ್ತೈದೆಯಂತೆ ನಿಂತಿತು.

ಕೊನೆಯ ಹಲ್ಲು ಮುಗಿಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. “ಬಂತಲೇ!” ಎಂದೊಂದು ಕೂಗು. ಮುದಕಪ್ಪ ಕುಂಚವನ್ನು ನೀಲ್ಸನ ಕೈಗೆ ತುರುಕಿ ಓಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಓಣಿ ಖಾಲಿ. ಒಳಗೆಲ್ಲ ಖಟಾಖಟ್, ಹೊರಗೆ ನೀಲ್ಸ್ ಮತ್ತು ಆಡು.

ಓಣಿಯ ತಿರುವಿನಲ್ಲಿ ಸಮಾಧಾನಪ್ಪ ಪಾದ್ರಿಗಳ ಕೊಡೆ ಕಾಣಿಸಿತು.

ಅವರು ಗೋಡೆ ನೋಡಿದರು. ಅಂಚು ನೋಡಿದರು. ಸೆರಗಿನ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದರು. ಹುಡುಗನ ಕೈಯ ಕುಂಚ, ಅಂಗಿಯ ಸುಣ್ಣ ನೋಡಿದರು.

“ಒಬ್ಬನ ಮಾಡಿದಿಯೇನೋ?”

ನೀಲ್ಸನಿಗೆ ಒಂದು ಗಳಿಗೆ ಆಸೆಯಾಯಿತು. ಹೌದು ಎಂದರೆ ಬನಹಟ್ಟಿ, ಇಲ್ಲವೆಂದರೆ ಹಡಗು. ಆದರೆ ಸುಳ್ಳು ಹೇಳಲೆಂದು ಸಮುದ್ರ ದಾಟಿ ಬಂದವನಲ್ಲ ಅವನು.

“ಇಲ್ಲ, ಅಯ್ಯನವರೇ. ನಾನು ನಾಲ್ಕು ಅಡಿ ಮಾತ್ರ ಹಚ್ಚಿದೆನು. ಉಳಿದ ಹೊತ್ತು ಆಡನ್ನು ಕಾದೆನು; ಹನ್ನೊಂದು ಚಹಾ ಕುಡಿದೆನು. ಇದೆಲ್ಲ ಓಣಿಯವರ ಕೃಪೆ.”

ಪಾದ್ರಿಗಳು ಓಣಿಯನ್ನು ನೋಡಿದರು. ಒಂದು ನರಪಿಳ್ಳೆಯೂ ಇಲ್ಲ. ಅಷ್ಟರಲ್ಲಿ ಹೊಸಿಲಿಗೆ ಬಂದು ನಿಂತ ಗುರುಬಸವ್ವನನ್ನು ಕೇಳಿದರು. ಹಡಗಿನ ಮಾತು ಆಕೆಯ ಕಿವಿಗೂ ಬಿದ್ದಿತ್ತಲ್ಲ. ಕಣ್ಣು ಪಿಳಕಿಸದೆ ಹೇಳಿದಳು:

“ಒಬ್ಬನ ಹಚ್ಯಾನ್ರೀ! ಮುಂಜಾನಿಂದ ಒಂದು ಹನಿ ನೀರು ಸೈತ ಮುಟ್ಟಿಲ್ಲ ನೋಡ್ರಿ.”

ಪಾದ್ರಿಗಳ ಕಣ್ಣು ತುಂಬಿತು. “ಕೆಲಸಾನೂ ಐತಿ, ದೀನಭಾವಾನೂ ಐತಿ. ಒಂಬತ್ತು ದಿನದಾಗ ಊರ ಕಸುಬೂ ತಲಿಗೆ ಹತ್ತೇತಿ.” ಜೀವಮಾನದಲ್ಲಿ ಮೊದಲ ಸಲ ಸಮಾಧಾನಪ್ಪನವರಿಗೆ ಸಮಾಧಾನವಾಯಿತು. “ಅರ್ಧಾಮರ್ಧಾ ಹಚ್ಚಿ ಬಿಟ್ಟಿದ್ರ, ಇನ್ನೊಂದು ವರ್ಷ ಇಲ್ಲೇ ಈ ತಾಯಿ ಕೈಯಾಗ ಪಳಗು ಅಂತ ಹೇಳಾಂವಿದ್ದೆ. ಈಗೇನು ಕಲಿಯೂದು ಉಳಿದಿಲ್ಲ. ಬಾಡಗಂಡ್ಯಾಗ ಹೊಸ ಸಾಲಿ ಕಟ್ಟೇವಿ, ಹನ್ನೊಂದು ಖೋಲಿ, ಎಲ್ಲಾಕೂ ಸುಣ್ಣ ಹಚ್ಚೂದೈತಿ. ಮುಂಜಾನಿ ಬಸ್ಸಿಗೆ ಹೊಂಡು.”

ಗುರುಬಸವ್ವನ ಮುಖ ಬಾಡಿತು. “ಅಯ್ಯ, ಖರೆ ಹೇಳತೇನ್ರಿ! ಇವ ಏನೂ ಮಾಡಿಲ್ಲ! ದಂಡಪಿಂಡ ಐತ್ರಿ! ಒಂದ ಆಡ ಓಡಸಾಕ ಬರಂಗಿಲ್ಲ ಇವಗ!”

“ನೋಡು ಮತ್ತ,” ಎಂದು ಪಾದ್ರಿಗಳು ನೀಲ್ಸನ ಬೆನ್ನು ತಟ್ಟಿದರು, “ಎಷ್ಟು ಮಾಯಾ ಹಚಗೊಂಡಾರ! ಬಿಟ್ಟುಕೊಡಾಕ ಮನಸ್ಸಿಲ್ಲ.”

ನೀಲ್ಸ್ ಕುಂಚ ಕೆಳಗಿಟ್ಟ. ವ್ಯಾಕರಣ ಪುಸ್ತಕ ಆ ಗಳಿಗೆಯಲ್ಲಿ ಅವನನ್ನು ಪೂರ್ತಿ ಕೈಬಿಟ್ಟಿತು.

“ಬಾಡಗಂಡ್ಯಾಗ ಮಗ್ಗ ಎಷ್ಟ್ ಅದಾವ್ರೀ?”

“ಮಗ್ಗ? ಒಂದೂ ಇಲ್ಲ,” ಎಂದರು ಪಾದ್ರಿಗಳು ಸಂತೋಷದಿಂದ. “ಬರೇ ಕಬ್ಬು. ಹೊತ್ತು ಹೊಂಟ್ರ ಊರಾಗ ಒಬ್ರೂ ಇರಂಗಿಲ್ಲ. ಯಾರ ಕಾಟಾನೂ ಇಲ್ಲ ನಿನಗ.”

ಹಿಂದೆ, ಬಾಗಿಲ ಬಳಿ, ಆಡು ಸೆರಗನ್ನು ನೆಕ್ಕತೊಡಗಿತ್ತು. ಈ ಸಲ ನೀಲಪ್ಪ ಅದನ್ನು ಓಡಿಸಲು ಹೋಗಲಿಲ್ಲ.