ತೂತುಕಾಸಿನ ಸ್ಥಳಮಹಿಮೆ

ಅಗೆಯದೆಯೇ ಆಳ ಬಲ್ಲವನೂ, ಮೂರನೆಯ ಕಣ್ಣನ್ನು ಮುಚ್ಚಿಟ್ಟುಕೊಂಡು ನಮ್ಮೆಲ್ಲರನ್ನೂ ಕಾಪಾಡುತ್ತಿರುವವನೂ ಆದ ಸೋಮೇಶ್ವರನಿಗೆ ಶರಣು. ಅವನ ಪಾದದಡಿಯ ಮಣ್ಣಿಗೂ, ಆ ಮಣ್ಣಿನೊಳಗೆ ಏನೇನಿದೆಯೋ ಅದಕ್ಕೂ ಶರಣು.

ಕತ್ರಿಗುಪ್ಪೆಯಲ್ಲಿ ನಮ್ಮ ಗುಡಿಯ ಹಿಂದಿರುವ ಖಾಲಿ ಜಾಗದಲ್ಲಿ ಹೆರಿಗೆ ಆಸ್ಪತ್ರೆಯ ಕಾಮಗಾರಿ ಪ್ರಗತಿಯಲ್ಲಿದೆ. ಇದು ದಾಖಲೆಯಲ್ಲಿರುವ ಮಾತು, ಆದ್ದರಿಂದ ಸತ್ಯ. ಕರಿಬಸವಯ್ಯನೆಂಬ ನಾನು ಈ ಗುಡಿಗೆ ಅರ್ಚಕನಾಗಿ ಬಂದ ಹೊಸತರಲ್ಲಿ ಅದು ಪ್ರಗತಿಯಲ್ಲಿತ್ತು. ಈಗ ನನ್ನ ಮಂಡಿಗಳು ಸವೆದಿವೆ. ಅದು ಪ್ರಗತಿಯಲ್ಲೇ ಇದೆ. ದೇಹ ನಶ್ವರ, ಕಾಮಗಾರಿ ಹಾಗಲ್ಲ.

ಜಾಗ ಕೊಟ್ಟವರು ಬೈರಣ್ಣ, ಇಲ್ಲಿಯ ಹಳೇ ಊರಿನ ಒಕ್ಕಲು. ಆಗ ಅಲ್ಲಿ ಅವರೆ, ರಾಗಿ ಬೆಳೆಯುತ್ತಿದ್ದರು. ಸೊಸೆಗೆ ಚೊಚ್ಚಲ ಹೆರಿಗೆಯ ನೋವು ಬಂದಾಗ ಬಸ್ಸು ಹತ್ತಿಸಿ ಮಾರ್ಕೆಟ್ ಕಡೆಯ ದೊಡ್ಡಾಸ್ಪತ್ರೆಗೆ ಹೊರಟರು. ಹನುಮಂತನಗರದ ಇಳಿಜಾರಿನಲ್ಲೇ ಮಗು ಹುಟ್ಟಿತು, ಬಸ್ಸು ಮಾರ್ಕೆಟ್ ಮುಟ್ಟುವುದರೊಳಗೆ ಹೋಗಿಯೂ ಬಿಟ್ಟಿತು. ಬೈರಣ್ಣ ಹೊಲವನ್ನು ಸರ್ಕಾರಕ್ಕೆ ಬರೆದುಕೊಟ್ಟು, "ಇಲ್ಲೇ ಒಂದು ಹೆರಿಗೆ ಆಸ್ಪತ್ರೆ ಆಗ್ಲಿ" ಅಂದರು.

ಮೊದಲ ಗುದ್ದಲಿ ಪೂಜೆಗೆ ಕೂತವನು ನಾನೇ. ಈಶಾನ್ಯ ಮೂಲೆಯಲ್ಲಿ ಬೈರಣ್ಣನೇ ಮೊಣಕಾಲುದ್ದ ಗುಂಡಿ ತೋಡಿದ್ದರು. ಪೂಜೆಯ ಗುಂಡಿಗೆ ನವಧಾನ್ಯ, ಹೂವು, ಒಂದು ಕಾಸು ಹಾಕುವುದು ಪದ್ಧತಿ. ಕಾಸು ಎಲ್ಲಿ ಅಂದಾಗ ಬೈರಣ್ಣನ ಹೆಂಡತಿ ಸೊಣ್ಣಮ್ಮ ಸೆರಗಿನ ಗಂಟು ಬಿಚ್ಚಿದರು. ನಡುವೆ ತೂತಿರುವ, ಬಿಳಿಯರ ಕಾಲದ ತಾಮ್ರದ ಬಿಲ್ಲೆ. ಆ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಉಡಿದಾರಕ್ಕೆ ಕಟ್ಟುತ್ತಿದ್ದ ಕಾಸು.

"ನಮ್ ಮಗೀಗೆ ಕಟ್ಟಕ್ಕಾಗ್ಲಿಲ್ಲ ಅಯ್ನೋರೆ. ಇಲ್ಲಿ ಹುಟ್ಟೋ ಮಕ್ಳಿಗಾದ್ರೂ ಕಾವಲಿರ್ಲಿ" ಅಂದರು. ಗುಂಡಿಗೆ ಬಿಟ್ಟು ಮಣ್ಣು ಮುಚ್ಚಿದೆ.

ಆಮೇಲೆ ಮಾನ್ಯರು ಬದಲಾದರು. ನಮ್ಮನ್ನು ಪ್ರತಿನಿಧಿಸುವವರನ್ನು ನಾನು ಮಾನ್ಯರು ಎಂದಷ್ಟೇ ಕರೆಯುತ್ತೇನೆ. ಹೆಸರು ಬದಲಾಗುತ್ತದೆ, ಹಾರ ಮಾತ್ರ ದಪ್ಪವಾಗುತ್ತ ಹೋಗುತ್ತದೆ. ಹಿಂದಿನವರ ಪೂಜೆಯಲ್ಲಿ ದೋಷವಿದೆಯೆಂದು ಹೊಸ ಮಾನ್ಯರು ಮತ್ತೆ ಪೂಜೆ ಇಟ್ಟರು. ದೋಷವಿದ್ದ ಪೂಜೆ ಮಾಡಿದವನೂ ನಾನೇ, ದೋಷವಿಲ್ಲದ್ದನ್ನು ಮಾಡಿದವನೂ ನಾನೇ. ಶಿವನ ಮುಂದೆ ಎರಡೂ ಒಂದೇ. ಹೀಗೆ ಪ್ರತಿ ಚುನಾವಣೆಯ ಹಿಂದೆ ಮುಂದೆ ಅದೇ ಈಶಾನ್ಯ ಮೂಲೆಯಲ್ಲಿ ಪೂಜೆಯಾಯಿತು. ನಾಲ್ಕಾಣೆ ಬಿತ್ತು, ಆಮೇಲೆ ರೂಪಾಯಿ, ಆಮೇಲೆ ಐದು, ಆಮೇಲೆ ಹತ್ತು. ಗುಂಡಿಯ ಆಳ ಕಡಿಮೆಯಾಗುತ್ತ ಬಂದು ಕೊನೆಯದು ಫೋಟೋಗೆ ಸಾಕಾಗುವಷ್ಟು ಮಾತ್ರ ಇತ್ತು. ಆದರೆ ನಾಣ್ಯದ ಬೆಲೆ ಏರುತ್ತ ಬಂದದ್ದನ್ನು ನೋಡಿದವರು ಅಭಿವೃದ್ಧಿ ಆಗಿಲ್ಲ ಎನ್ನಲಾರರು. ಪೂಜೆಗೊಂದರಂತೆ ಗ್ರಾನೈಟ್ ಫಲಕಗಳೂ ನಿಂತವು. ಅವುಗಳಲ್ಲಿ ಒಂದರ ಮೇಲೆ ಪಕ್ಕದ ಬೀದಿಯವರು ಬೆಡ್‌ಶೀಟ್ ಒಗೆಯುತ್ತಾರೆ.

ಇಷ್ಟು ಪೂಜೆ ಕಂಡ ಭೂಮಿ ನಮ್ಮ ಸುತ್ತಮುತ್ತ ಇನ್ನೊಂದಿಲ್ಲ. ಬೈರಣ್ಣ ಮಾತ್ರ ಅದನ್ನು ನೋಡುತ್ತ ನೋಡುತ್ತಲೇ ಶಿವನ ಪಾದ ಸೇರಿದರು.

ಹೀಗಿರುವಲ್ಲಿ ಒಂದು ಭಾನುವಾರ ಪದ್ಮನಾಭನಗರದ ರವಿಕಿರಣ್ ಎಂಬವರು ಗುಡಿಗೆ ಬಂದರು. ಅಲ್ಲಿ ಗಣಿತದ ಟ್ಯೂಷನ್ ನಡೆಸುತ್ತಾರೆ. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಉದ್ದ ಕೋಲು, ಕೋಲಿನ ತುದಿಗೆ ದೋಸೆಹಂಚಿನಂಥದ್ದು.

"ಅಯ್ನೋರೇ, ಹಿಂದ್ಗಡೆ ಜಾಗದಲ್ಲಿ ಒಂದ್ ರೌಂಡ್ ಹೊಡೀಲಾ?"

"ಅದೇನಪ್ಪ, ಹುಲ್ಲು ಕತ್ತರಿಸೋ ಮಿಷನ್ನಾ?"

"ಮೆಟಲ್ ಡಿಟೆಕ್ಟರ್. ನೆಲದೊಳಗೆ ಲೋಹ ಇದ್ರೆ ಕೂಗುತ್ತೆ. ಹಳೇ ಕಾಯಿನ್ಸ್ ಹುಡುಕೋದು ನಂಗೆ ಹಾಬಿ. ಒಂದು ವರಹ, ಒಂದು ಗದ್ಯಾಣ ಸಿಕ್ಬಿಟ್ರೆ ಸಖತ್ತಾಗಿರುತ್ತೆ."

"ಇಲ್ಲೀವರೆಗೆ ಏನು ಸಿಕ್ಕಿದೆ?"

"ಸೋಡಾ ಮುಚ್ಚಳ. ಮೊಳೆ. ಒಂದ್ಸಲ ಜೆ.ಪಿ. ನಗರದ ಪಾರ್ಕಲ್ಲಿ ಒಬ್ರು ಆಂಟಿದು ಓಲೆ. ಹುಡುಕಿ ಕೊಟ್ಟಿದ್ದಕ್ಕೆ ಇನ್ನೊಂದೆಲ್ಲಿ ಅಂತ ಬೈದ್ರು."

"ಮನೇಲಿ ಏನಂತಾರೆ?"

"ರಾಜರ ಕಾಸು ಆಮೇಲೆ ಹುಡುಕೀರಂತೆ, ಮೊದ್ಲು ಸ್ಕೂಟರ್ ಕೀ ಹುಡುಕಿ ಅಂತಾರೆ."

ನಿಷ್ಠೆಯಿಂದ ಹುಡುಕುವವನನ್ನು ತಡೆಯುವುದು ಧರ್ಮವಲ್ಲ. ಹೋಗಪ್ಪ ಅಂದೆ. ಈಶಾನ್ಯ ಮೂಲೆಗೆ ಹೋಗುತ್ತಲೇ ಯಂತ್ರ ಕುಂಯ್ ಅಂದಿತು. ರವಿಕಿರಣ್ ಸಣ್ಣ ಕರಣೆಯಿಂದ ಮಣ್ಣು ಬಿಡಿಸಿದರು: ಹತ್ತು ರೂಪಾಯಿ. ಮತ್ತೆ ಕುಂಯ್: ಐದು. ಕೆಳಗಿಳಿದಷ್ಟೂ ಕೂಗು, ಕೂಗಿದಷ್ಟೂ ನಾಣ್ಯ. ಎಲ್ಲಕ್ಕಿಂತ ಕೆಳಗೆ ತೂತುಕಾಸು.

ನೆಲದಿಂದ ಎದ್ದದ್ದನ್ನು ಆಳುವವರಿಗೆ ತಿಳಿಸಬೇಕು ಎಂದು ನಾನೇ ಹೇಳಿ ಅವರನ್ನು ವಾರ್ಡ್ ಕಚೇರಿಗೆ ಕಳಿಸಿದೆ. ಅಲ್ಲಿಂದ ಎಂಜಿನಿಯರ್ ದುಂಡಪ್ಪನವರು ಬಂದರು. ಬಿಜಾಪುರದ ಕಡೆಯವರು, ದೈವಭಕ್ತರು. ಇಷ್ಟು ಪೂಜೆಯಾದ ಮೇಲೂ ಕಟ್ಟಡ ಯಾಕೆ ಎದ್ದಿಲ್ಲ ಎಂದು ಈಗಿನ ಮಾನ್ಯರು ಅದೇ ವಾರ ಅವರನ್ನು ಕೇಳಿದ್ದರು. ಅವರು ಉತ್ತರ ಹುಡುಕುತ್ತಿದ್ದರು. ಉತ್ತರ ನೆಲದಿಂದಲೇ ಎದ್ದು ಬಂದಿತ್ತು.

ದುಂಡಪ್ಪನವರು ಗುಂಡಿಯ ಸುತ್ತ ಒಂದು ಸುತ್ತು ಬಂದರು. "ಸ್ವಾಮಿಗೋಳ, ಇದು ಪುರಾತನ ಜಾಗಾ ಐತ್ರಿ. ಕಟ್ಟಡ ಕಟ್ಟಲಿಲ್ಲ ಅಂತ ಮಂದಿ ಬೈತಿದ್ರು. ನಮಗ ಗೊತ್ತಿಲ್ಲದಂಗ ನಾವು ಸಂರಕ್ಷಣಾ ಮಾಡಿಬಿಟ್ಟೇವ್ರಿ!"

ಅವರ ಕಣ್ಣಲ್ಲಿ ನೀರಿತ್ತು. ಇಂಥ ಸಾಕ್ಷಾತ್ಕಾರವನ್ನು ನಾನು ಗುಡಿಯಲ್ಲೂ ಅಪರೂಪಕ್ಕೆ ನೋಡಿದ್ದೇನೆ.

ಪುರಾತನ ಸ್ಥಳ ಪರಿಶೀಲನಾ ಉಪಸಮಿತಿ ರಚನೆಯಾಯಿತು. ದುಂಡಪ್ಪನವರೇ ಕಾರ್ಯದರ್ಶಿ. ಸಮಿತಿಯು ಸ್ಥಳದಲ್ಲಿ ತೆಂಗಿನ ಕರಟ, ಉದ್ಘಾಟನೆಯ ರಿಬ್ಬನ್ನಿನ ತುಂಡು, ಗ್ರಾನೈಟ್ ಫಲಕಗಳನ್ನು ಕಂಡು, ಅನುಕ್ರಮವಾಗಿ ನೈವೇದ್ಯದ ಅವಶೇಷ, ರಾಜವಸ್ತ್ರದ ಅವಶೇಷ ಮತ್ತು ಶಾಸನಗಳು ಎಂದು ದಾಖಲಿಸಿತು. ಇಲ್ಲಿ ಏನು ನಡೆಯುತ್ತಿತ್ತು ಎಂದು ನನ್ನನ್ನು ಕೇಳಿದರು. ಸುಳ್ಳು ಹೇಳುವವನಲ್ಲ. "ಚುನಾವಣೆ ಬಂದಾಗಲೆಲ್ಲ ಒಬ್ಬ ದೊಡ್ಡ ಮನುಷ್ಯರು ಬಂದು ನೆಲಕ್ಕೆ ಒಂದೇಟು ಹಾಕಿ, ಕಾಸು ಹೂತು, ಊಟ ಮಾಡಿ ಹೋಗ್ತಿದ್ರು" ಅಂದೆ. "ನಿಯತಕಾಲಿಕ ಫಲವಂತಿಕೆಯ ಆಚರಣೆ" ಎಂದು ಬರೆದುಕೊಂಡರು. ನನಗೆ ತಪ್ಪೇನೂ ಕಾಣಲಿಲ್ಲ. ಫಲ ಅವರವರಿಗೆ ಸಿಕ್ಕೇ ಇತ್ತು.

ಬೇಲಿಗೆ ಒಂದು ಪ್ರಕಟಣೆ ಬಂತು:

"ಈ ಪುರಾತನ ಸ್ಥಳದಲ್ಲಿ ಅಗೆಯುವುದು, ಕಟ್ಟುವುದು ಮತ್ತು ಹೆರುವುದನ್ನು ನಿಷೇಧಿಸಲಾಗಿದೆ. ಗುದ್ದಲಿ ಪೂಜೆಯು ಇಲ್ಲಿಯ ಪ್ರಾಚೀನ ಆಚರಣೆಯಾದ್ದರಿಂದ ಅದಕ್ಕೆ ವಿನಾಯಿತಿ ಇರುತ್ತದೆ. ಪೂಜೆಯ ನಂತರ ಯಾವುದೇ ಕಾಮಗಾರಿ ನಡೆಯದಂತೆ ನೋಡಿಕೊಳ್ಳುವುದು ಪೂಜೆ ಮಾಡಿದವರ ಹೊಣೆ. ಆಸ್ಪತ್ರೆಯ ಕಾಮಗಾರಿ ಎಂದಿನಂತೆ ಪ್ರಗತಿಯಲ್ಲಿರುತ್ತದೆ."

ಪೇಪರಿನಲ್ಲಿ ಕಾಸಿನ ಫೋಟೋ ನೋಡಿ ಸೊಣ್ಣಮ್ಮ ಕಚೇರಿಗೆ ಹೊರಟರು. ಜೊತೆಗೆ ಮೊಮ್ಮಗಳು ಚೈತ್ರ. ಅವಳು ತುಂಬು ಬಸುರಿ, ಸೀಮಂತ ಆಗಿತ್ತು. ಒಂದು ಮಾತು ಹೇಳಿ ಬನ್ನಿ ಅಯ್ನೋರೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ದುಂಡಪ್ಪನವರ ಮೇಜಿನ ಮೇಲೆ ಮೈಸೂರುಪಾಕಿನ ಪಾರದರ್ಶಕ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಕಾಸು ಮಲಗಿತ್ತು.

"ಇದು ನಂದು" ಅಂದರು ಸೊಣ್ಣಮ್ಮ.

"ನಿಮ್ಮದು ಹೆಂಗ ಆಗ್ತೈತ್ರಿ ಅಮ್ಮಾರ? ಇದು ಪುರಾತನ ಕಾಲದ್ದು."

"ನಾನೂ ಪುರಾತನ ಕಾಲದೋಳೇ ಕಣಪ್ಪ. ಅಂಚಲ್ಲಿ ಕಚ್ಚಾಗೈತೆ ನೋಡು. ನಮ್ಮತ್ತೆ ಅವರೆ ಗಿಡ ಕೊಯ್ವಾಗ ಕುಡ್ಲು ತಾಗಿದ್ದು."

"ಅದು ಟಂಕಸಾಲಿ ಮುದ್ರಿ ಅಂತ ಸಮಿತಿ ತೀರ್ಮಾನ ಮಾಡೈತ್ರಿ."

"ಸಮಿತೀಲಿ ನಮ್ಮತ್ತೆ ಇದ್ರಾ?"

ದುಂಡಪ್ಪನವರು ಗೌರವದಿಂದ ಇಲ್ಲ ಎಂದರು. ಸೊಣ್ಣಮ್ಮ ನನ್ನ ಕಡೆ ತಿರುಗಿದರು. "ಇವ್ರನ್ನೇ ಕೇಳು. ಗುಂಡಿಗೆ ಹಾಕ್ದೋರು ಇವ್ರೇಯ."

"ಹೌದು, ನಾನೇ ಹಾಕಿದ್ದು" ಅಂದೆ.

ದುಂಡಪ್ಪನವರು ಸಂತೋಷದಿಂದ ಬರೆದುಕೊಂಡರು: "ಸ್ಥಳೀಯ ಪುರೋಹಿತರಲ್ಲಿ ಈ ನಾಣ್ಯದ ಜನಪದ ನೆನಪು ಇಂದಿಗೂ ಜೀವಂತ."

"ನೋಡಪ್ಪ," ಅಂದರು ಸೊಣ್ಣಮ್ಮ, ಈಗ ದನಿ ಇಳಿದಿತ್ತು. "ಇವಳಿಗೆ ದಿನ ಹತ್ರ ಬಂತು. ಆ ಮಗೀಗೆ ಕಟ್ಟಕ್ಕಾಗ್ಲಿಲ್ಲ, ಈ ಮಗೀಗಾದ್ರೂ ಕಟ್ಬೇಕು. ಆಸ್ಪತ್ರೆ ಕಟ್ತೀನಿ ಅಂದಿದ್ಕೆ ಕೊಟ್ಟ ಕಾಸು ಅದು. ಆಸ್ಪತ್ರೆ ಕಟ್ಟು, ಇಲ್ಲಾ ಕಾಸು ಕೊಡು."

"ಪ್ರಗತಿಯೊಳಗ ಇರೂದನ್ನ ಮುಗಿಸಾಕ ಬರಂಗಿಲ್ರಿ. ಸಂರಕ್ಷಣಾದಾಗ ಇರೂದನ್ನ ಕೊಡಾಕ ಬರಂಗಿಲ್ರಿ. ನಾ ಏನ್ ಮಾಡ್ಲಿ ಹೇಳ್ರಿ ಅಮ್ಮಾರ, ನನಗೂ ತಾಯಿ ಅದಾಳ." ಎಂದು ಹೇಳಿ ಚೈತ್ರಳಿಗೆ ಕುರ್ಚಿ ಸರಿಸಿ, ಮಜ್ಜಿಗೆ ತರಿಸಿದರು. ಒಳ್ಳೆಯ ಮನುಷ್ಯರು.

"ಬಿಡಜ್ಜಿ," ಅಂದಳು ಚೈತ್ರ ಮೆಟ್ಟಿಲಿಳಿಯುವಾಗ. "ಇಂಥ ಕಾಸು ಆನ್‌ಲೈನಲ್ಲೇ ಸಿಗುತ್ತೆ, ಆರ್ಡರ್ ಮಾಡ್ತೀನಿ."

"ಆನ್‌ಲೈನ್ ಕಾಸಿಗೆ ನಮ್ಮನೆ ಮಕ್ಳು ಗೊತ್ತಾ?" ಅಂದರು ಸೊಣ್ಣಮ್ಮ.

ಅಷ್ಟರಲ್ಲಿ ಆ ಜಾಗದಲ್ಲಿ ನಾಣ್ಯ ಸಂಗ್ರಹಾಲಯವಾಗಬೇಕೆಂದು ಮಾನ್ಯರು ಘೋಷಿಸಿದರು. ಕಟ್ಟುವುದಕ್ಕೆ ನಿಷೇಧವಿದ್ದರೂ ಪೂಜೆಗೆ ವಿನಾಯಿತಿ ಇತ್ತಲ್ಲ. ಶಾಮಿಯಾನ ಎದ್ದಿತು. ರವಿಕಿರಣ್ ಅವರಿಗೆ ಗೌರವ ನಾಣ್ಯಾನ್ವೇಷಕ ಎಂಬ ಗುರುತಿನ ಚೀಟಿ ಬಂತು. ಭೂದಾನಿಯ ಪತ್ನಿಯೆಂದು ಸೊಣ್ಣಮ್ಮನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಶಾಲು ಹೊದಿಸಿದರು. ಈಶಾನ್ಯ ಮೂಲೆಯಲ್ಲಿ ಮಾನ್ಯರು ನೆಲಕ್ಕೆ ಒಂದೇಟು ಹಾಕಿದರು. ನವಧಾನ್ಯ ಬಿತ್ತು, ಹೂವು ಬಿತ್ತು.

"ಒಂದು ಕಾಸು" ಅಂದೆ.

ಮಾನ್ಯರು ಜೇಬು ತಟ್ಟಿಕೊಂಡರು. "ಸ್ವಾಮಿ, ನಾನು ಕ್ಯಾಶ್ ಮುಟ್ಟೋದು ಬಿಟ್ಟು ಯಾವ ಕಾಲ ಆಯ್ತು." ಸಭೆಯಲ್ಲಿ ಯಾರೂ ಇದನ್ನು ಅನುಮಾನಿಸಲಿಲ್ಲ. ಅವರ ಹಿಂದೆ ಇದ್ದವರೂ ಜೇಬು ತಟ್ಟಿದರು; ಎಲ್ಲ ಜೇಬಿನಲ್ಲೂ ಫೋನು. ಇಡೀ ಶಾಮಿಯಾನದಲ್ಲಿ ಒಂದು ಕಾಸಿಲ್ಲ.

"ಸ್ಕ್ಯಾನ್ ಮಾಡಾಕ ಬರ್ತೈತೇನ್ರಿ ಸ್ವಾಮಿಗೋಳ?" ಎಂದರು ದುಂಡಪ್ಪ.

ನನ್ನ ಮಂಗಳಾರತಿ ತಟ್ಟೆಗೆ ಕಾಣಿಕೆಗೆ ಸ್ಕ್ಯಾನ್ ಮಾಡುವ ಚೀಟಿ ಅಂಟಿಸಿದ್ದೇನೆ. ಭೂಮಿತಾಯಿಗೆ ಇನ್ನೂ ಅಂಟಿಸಿಲ್ಲ.

"ಅಗೆದಾಗ ಅಷ್ಟೊಂದು ಸಿಕ್ಕಿತ್ತಲ್ರೀ, ಅದರಲ್ಲೇ ಒಂದು ಹಾಕಿ" ಎಂದರು ಮಾನ್ಯರು. ದುಂಡಪ್ಪನವರು ತಗ್ಗಿದ ದನಿಯಲ್ಲಿ, ಹತ್ತು, ಐದು, ರೂಪಾಯಿಗಳೆಲ್ಲ ಉಪಸಮಿತಿಯ ಚಹಾಕ್ಕೆ ವಿನಿಯೋಗವಾಗಿವೆ ಎಂದರು. ನಾಲ್ಕಾಣೆ ಅವರ ಡ್ರಾಯರಿನಲ್ಲೇ ಎಲ್ಲೋ ಸೇರಿಹೋಗಿತ್ತಂತೆ. ತೂತುಕಾಸಿಗೆ ಚಹಾ ಕೊಡುವವರಿಲ್ಲದ ಕಾರಣ ಅದೊಂದು ಉಳಿದಿತ್ತು, ಪ್ರದರ್ಶನಕ್ಕೆಂದು ತಂದೂ ಇದ್ದರು.

"ಆದ್ರ ಅದು ಸಂರಕ್ಷಣಾದಾಗ ಐತ್ರಿ ಸಾಹೇಬ್ರ."

"ಎಲ್ಲಿ ಸಿಕ್ತೋ ಅಲ್ಲೇ ಇಟ್ರೆ ಅದೇ ಸಂರಕ್ಷಣೆ. ಹಾಕ್ರೀ, ನಂಗೆ ಬಿ.ಟಿ.ಎಂ. ಲೇಔಟಲ್ಲಿ ಇನ್ನೊಂದು ಪೂಜೆ ಇದೆ. ಆ ಅಜ್ಜಿ ಕೈಲೇ ಹಾಕ್ಸಿ, ಫೋಟೋ ಚೆನ್ನಾಗಿ ಬರುತ್ತೆ."

ದುಂಡಪ್ಪನವರು ಡಬ್ಬಿ ತೆರೆದು ಕಾಸನ್ನು ಸೊಣ್ಣಮ್ಮನ ಅಂಗೈಗೆ ಇಟ್ಟರು. ಅವರು ಅದನ್ನು ಒಮ್ಮೆ ನೋಡಿ, ಹೆಬ್ಬೆರಳಿನಿಂದ ಆ ಕಚ್ಚನ್ನು ಸವರಿದರು. ಗುಂಡಿಯ ಹತ್ತಿರ ಬಗ್ಗಿದರು. ಹೊಸ ಶಾಲು ಜಾರಿ ಗುಂಡಿಯ ಮೇಲೆ ಬಿತ್ತು. ಕೈ ಗುಂಡಿಯೊಳಗೆ ಹೋಗಿ ಬಂತು, ಹಾಗೇ ಸೆರಗಿನ ಗಂಟಿನ ಕಡೆ ಹೋಯಿತು. ಅಷ್ಟು ಹೊತ್ತಿಗೆ ಕಣ್ಣು ಮುಚ್ಚಿ ಹೇಳಬೇಕಾದ ಮಂತ್ರ ಬಂದದ್ದರಿಂದ ನಾನು ಕಣ್ಣು ಮುಚ್ಚಿದೆ. ಶಿವನೇ ಒಂದು ಕಣ್ಣು ಮುಚ್ಚಿಟ್ಟಿದ್ದಾನೆ, ನಾನೆಷ್ಟರವನು. ಮಣ್ಣು ಬಿತ್ತು, ಚಪ್ಪಾಳೆಯಾಯಿತು.

ಆದರೆ ದುಂಡಪ್ಪನವರು ಕರ್ತವ್ಯನಿಷ್ಠರು. "ರವಿಕಿರಣ್ ಸರ್, ಕಾಸು ಕೆಳಗ ಸುರಕ್ಷಿತ ಐತಿ ಅಂತ ಒಂದೀಟು ಮಷೀನ್ ಹಿಡದು ಖಾತ್ರಿ ಮಾಡ್ರಿ" ಎಂದರು.

ಸೊಣ್ಣಮ್ಮನ ಕೈ ಸೊಂಟದ ಹತ್ತಿರವೇ ನಿಂತಿತು. ಚೈತ್ರ ಅಜ್ಜಿಯ ತೋಳು ಹಿಡಿದಳು. ರವಿಕಿರಣ್ ಯಂತ್ರವನ್ನು ಗುಂಡಿಯ ಮೇಲೆ ಆಡಿಸಿದರು. ಏನಿಲ್ಲ. ಇನ್ನೊಮ್ಮೆ ಆಡಿಸಿದರು.

ಕುಂಯ್.

ರವಿಕಿರಣ್ ಯಂತ್ರದ ಪರದೆ ನೋಡಿದರು. ಸೊಣ್ಣಮ್ಮನ ಮುಖ ನೋಡಿದರು. ಚೈತ್ರಳ ಹೊಟ್ಟೆ ನೋಡಿದರು. "ಇದೆ ಸಾರ್" ಅಂದರು. "ಪಕ್ಕಾ ಪುರಾತನ."

ಎಲ್ಲರೂ ಕೈಮುಗಿದರು. ಅದು ಶಾಮಿಯಾನದವರ ಮೊಳೆ ಎಂದು ಸಂಜೆ ಪ್ರಸಾದ ತಿನ್ನುತ್ತ ಅವರು ನನಗೆ ಹೇಳಿದರು. ಶಿವ ಯಾವ ರೂಪದಲ್ಲಿ ಬರುತ್ತಾನೆಂದು ಯಾರು ಬಲ್ಲರು!

ಚೈತ್ರಳಿಗೆ ಜೆ.ಪಿ. ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆಣ್ಣುಮಗುವಾಯಿತು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಸೋಮೇಶ್ವರನ ದಯೆಯಿಂದ ಹೊತ್ತಿಗೆ ಮುಟ್ಟಿದರು. ಮಗುವಿಗೆ ಸಿರಿ ಎಂದು ಹೆಸರಿಟ್ಟಿದ್ದಾರೆ. ಉಡಿದಾರ ಕಟ್ಟುವಾಗ ನಾನೂ ಹೋಗಿದ್ದೆ.

ಸಂಗ್ರಹಾಲಯದ ಕಾಮಗಾರಿಯೂ ಈಗ ಪ್ರಗತಿಯಲ್ಲಿದೆ. "ನಾಣ್ಯವನ್ನು ಮೂಲ ಸ್ಥಳದಲ್ಲೇ ಸಂರಕ್ಷಿಸಲಾಗಿದೆ" ಎಂಬ ಹೊಸ ಫಲಕ ನಿಂತಿದೆ. ಸೋಮವಾರ ಗರ್ಭಿಣಿಯರು ಬಂದು ಗುಂಡಿಗೆ ಪ್ರದಕ್ಷಿಣೆ ಹಾಕಿ, ಆಟೋ ಹಿಡಿದು ದೂರದ ಆಸ್ಪತ್ರೆಗೆ ಹೋಗುತ್ತಾರೆ. ಅವರನ್ನು ನಮ್ಮ ಹೆರಿಗೆ ಆಸ್ಪತ್ರೆಯ ಹೊರರೋಗಿಗಳೆಂದು ದಾಖಲೆಗೆ ಸೇರಿಸಲಾಗಿದೆ, ಹೋಗಿದ್ದಾರಲ್ಲ, ಹೊರಗೆ.

ಮೊನ್ನೆ ವಾರ್ಷಿಕ ತಪಾಸಣೆ ನಡೆಯಿತು. ಗುಂಡಿಯ ಮೇಲೆ ಯಂತ್ರ ಕುಂಯ್ ಅಂದಿತು, ಮೊಳೆ ಕ್ಷೇಮವಾಗಿತ್ತು. ಅಷ್ಟರಲ್ಲಿ ಸಿರಿ ಮುತ್ತಜ್ಜಿ ಸೊಣ್ಣಮ್ಮನ ಸೊಂಟದಿಂದ ಇಳಿದು, ಅಂಬೆಗಾಲಿಕ್ಕುತ್ತ ಬಂದು ಯಂತ್ರದ ಹಂಚನ್ನು ತಬ್ಬಿಕೊಂಡಿತು. ಯಂತ್ರ ಇನ್ನೂ ಜೋರಾಗಿ ಕೂಗಿತು. ಮಗು ಕೇಕೆ ಹಾಕಿತು.

ದುಂಡಪ್ಪನವರು ಮಗುವಿನ ಉಡಿದಾರವನ್ನು ನೋಡಿದರು. ಅಲ್ಲಿ ತೂಗುತ್ತಿದ್ದ ಕಾಸಿನ ಅಂಚಿನ ಕಚ್ಚನ್ನೂ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು ಕೈಮುಗಿದು, "ಎರಡೂ ಸಂರಕ್ಷಣಾದಾಗ ಅದಾವ್ರಿ" ಎಂದು ಬರೆದು ರುಜು ಹಾಕಿದರು.

ಇದನ್ನು ಕಿವಿಗೊಟ್ಟು ಕೇಳಿದ ನಿಮಗೆಲ್ಲ ಸೋಮೇಶ್ವರ ಒಳ್ಳೆಯದು ಮಾಡಲಿ. ನೋವು ಬಂದ ಹೊತ್ತಿಗೆ ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಆಟೋ ಸಿಗಲಿ, ಸಿಗ್ನಲ್ಲು ಹಸಿರಾಗಲಿ, ಹುಟ್ಟಿದ ಕೂಸಿನ ಸೊಂಟಕ್ಕೆ ಒಂದು ಕಾವಲಿರಲಿ. ಮಾನ್ಯರಿಗೆ ಆಯುಸ್ಸು, ದುಂಡಪ್ಪನವರಿಗೆ ಬಡ್ತಿ, ಆ ಮೊಳೆಗೆ ತುಕ್ಕು ಹಿಡಿಯದ ಭಾಗ್ಯ ಸಿಗಲಿ. ಎಲ್ಲರಿಗೂ ಶುಭವಾಗಲಿ.