ಹೆಂಗಸರ ಬ್ಯಾನಿ

ಶೀಸೆಯಲ್ಲಿ ಎಣ್ಣೆ ಎರಡು ಬೆರಳು ಇಳಿದಿತ್ತು. ಬೆಟಗೇರಿಯ ಆ ಓಣಿಯಲ್ಲಿ ಅವತ್ತು ಎದ್ದ ಗದ್ದಲಕ್ಕೆಲ್ಲ ಇದೇ ಮೂಲ.

ಅದು ಶಂಕ್ರೆವ್ವ ಬೆಳ್ಳುಳ್ಳಿ, ಓಂಕಾಳು ಹಾಕಿ ತಾನೇ ಕಾಯಿಸಿಕೊಂಡ ಮೊಣಕಾಲಿನ ಎಣ್ಣೆ. ವರ್ಷಗಟ್ಟಲೆ ನೆಲದ ಮೇಲೆ ಕೂತು ರೊಟ್ಟಿ ಬಡಿದ ಕಾಲು ಆಕೆಯದು. ಏಳುವಾಗ “ಯವ್ವಾ” ಎಂದರೆ ಸಾಕು, ಗಂಡ ಉಳವಪ್ಪನದು ಒಂದೇ ಮಾತು: “ನಾಟಕ ಮಾಡಬ್ಯಾಡ. ಇದು ಹೆಂಗಸರ ಬ್ಯಾನಿ. ಗಂಡಸರಿಗೆ ಎಲ್ಲರೆ ಬರತೈತೇನು?”

ಬಂದಿತ್ತು! ಗದಗಿನ ಬಟ್ಟೆ ಅಂಗಡಿಯ ಗಾದಿಯ ಮೇಲೆ ದಿನವಿಡೀ ಚಕ್ಕಳಮಕ್ಕಳ ಕೂತು ಸೀರೆ ಬಿಚ್ಚಿ ತೋರಿಸುವ ಉಳವಪ್ಪನ ಬಲ ಮೊಣಕಾಲು ಈಚೆಗೆ ಒಣ ಕಟ್ಟಿಗೆಯ ಹಾಗೆ ಲಟಲಟ ಎನ್ನುತ್ತಿತ್ತು. ಬಾಯಿಬಿಟ್ಟರೆ ಇಷ್ಟು ವರ್ಷ ಆಡಿದ ಮಾತು ತಿರುಗಿ ಮುಖಕ್ಕೇ ಬಡಿಯುತ್ತದೆ. ಹಾಗಾಗಿ ಹೆಂಡತಿ ಹಿತ್ತಲಿಗೆ ಹೋದಾಗ ಬಾಗಿಲ ಮರೆಯಲ್ಲಿ ನಿಂತು ಕದ್ದು ತಿಕ್ಕಿಕೊಳ್ಳುತ್ತಿದ್ದ. ಮೇಲೆ ವಾಸನೆ ಮುಚ್ಚಲು ಒಂದಿಷ್ಟು ಅತ್ತರು.

ಅವತ್ತು ಅವನು ಅಂಗಡಿಗೆಂದು ಹೋದ ಮೇಲೆ ಶಂಕ್ರೆವ್ವ ಶೀಸೆ ಹಿಡಿದು ಪಕ್ಕದ ಮನೆಯ ಹನಮಂತವ್ವನನ್ನು ಕರೆದಳು. “ಯವ್ವಾ, ಎಣ್ಣಿ ನೀ ಏನರೆ ಒಯ್ದಿದ್ದೇನು?”

“ನನ್ನ ಮ್ಯಾಲೆ ಸಂಶೇನ? ನಿನ್ನ ಎಣ್ಣಿ ಒಯ್ದು ನಾ ಏನ ಮಿರ್ಚಿ ಕರೀಲೇನು?” ಹನಮಂತವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಒಳಗೇ ಬಂದಳು. ಮೂಗು ಅರಳಿಸಿ ಮನೆಯೆಲ್ಲ ಸುತ್ತಿದಳು. ಗೂಟಕ್ಕೆ ನೇತುಹಾಕಿದ ಉಳವಪ್ಪನ ಪ್ಯಾಂಟಿನ ಮುಂದೆ ಬಂದು ನಿಂತಳು. “ಕಳ್ಳ ಸಿಕ್ಕ ನೋಡು. ಎಣ್ಣಿ ಇಲ್ಲೈತಿ. ಮ್ಯಾಲೆ ಅತ್ತರ ಬ್ಯಾರೆ!”

“ಅವರಿಗೆ ಕಾಲ್ನೋವು ಇಲ್ಲಲ್ಲ.”

“ಅದಕ್ಕ ಅಂತೀನಿ. ಗಂಡಸರ ಮೊಣಕಾಲು ನೋಯೂದಿಲ್ಲ. ಅಂದ ಮ್ಯಾಲೆ ಬ್ಯಾರೆ ಯಾವಾಕಿದೋ ಕಾಲು ತಿಕ್ಕಿ ಬಂದಾನ ನಿನ್ನ ಗಂಡ!”

ಶಂಕ್ರೆವ್ವ ಪ್ಯಾಂಟನ್ನು ಗೂಟದಿಂದ ಎಳೆದು ಮೂಸಿದಳು. ತನ್ನ ಕಾಲನ್ನು ಒಮ್ಮೆಯೂ ಮುಟ್ಟಿ ನೋಡದ ಮನುಷ್ಯ, ಇನ್ನೊಬ್ಬಳ ಕಾಲು ತಿಕ್ಕುತ್ತಾನೆಯೇ? ಅದೂ ತಾನು ಕಾಯಿಸಿದ ಎಣ್ಣೆ ಹಚ್ಚಿ! ಎಡಗಾಲು ಎಳೆಯುತ್ತಲೇ ಆಟೋ ಹತ್ತಿದಳು. ಹನಮಂತವ್ವ ಕರೆಯುವ ಮೊದಲೇ ಹತ್ತಿ ಕೂತಿದ್ದಳು.

ಅಂಗಡಿಯಲ್ಲಿ ಉಳವಪ್ಪ ಇರಲಿಲ್ಲ. ಹೊಸದಾಗಿ ಸೇರಿದ ನಯಾಜ ಗಿರಾಕಿಗಳೆಂದು ತಿಳಿದು ಸೀರೆ ಬಿಚ್ಚುತ್ತಲೇ ಹೇಳಿದ: “ಕಾಕಾ ರಜಾ ಹಾಕ್ಯಾರ್ರಿ. ಅವರ ಹೆಣತಿಗೆ ಮೊಣಕಾಲು ನೋವು ಬಾಳ ಐತಂತ. ಕಲ್ಯಾಣ ಮಂಟಪದಾಗ ಇವತ್ತ ಡಾಕ್ಟರ ಶಿಬಿರ ಐತಲ್ರಿ, ಅಲ್ಲಿಗೆ ಕರಕೊಂಡ ಹ್ವಾದ್ರು. ದಿನಾ ಆಕಿದ ಚಿಂತಿ ನೋಡ್ರಿ ಕಾಕಾಗ.”

“ತಮ್ಮಾ, ನಿಮ್ಮ ಕಾಕಾನ ಹೆಣತಿ ಇಲ್ಲೇ ನಿಂತಾಳ,” ಎಂದಳು ಹನಮಂತವ್ವ. “ಹಂಗಾರ ಅಲ್ಲಿ ಹ್ವಾದಾಕಿ ಯಾರು?”

ನಯಾಜ ಸೀರೆಯನ್ನು ಅರ್ಧಕ್ಕೇ ಬಿಟ್ಟು ನೀರು ಕುಡಿಯಲು ಹೋದ.

ಅತ್ತ ಕಲ್ಯಾಣ ಮಂಟಪದಲ್ಲಿ ಉಳವಪ್ಪ ಬೆವರುತ್ತಿದ್ದ. ಕಳಸಾಪುರ, ಅಂತೂರ ಬೆಂತೂರ ಹಳ್ಳಿಗಳ ಹೆಂಗಸರೆಲ್ಲ ಅಲ್ಲೇ ನೆರೆದಂತಿತ್ತು. ಗಂಡಸರಿಗೂ ಪಾಳಿಯ ಸಾಲೊಂದಿತ್ತು, ಅದರಲ್ಲಿ ಒಂದು ನಾಯಿ ಮಲಗಿತ್ತು. ಅಲ್ಲಿ ಒಬ್ಬನೇ ನಿಂತರೆ ಸಂಜೆಯೊಳಗೆ ಇಡೀ ಬೆಟಗೇರಿಗೆ ಖಬರ. ಮೆಲ್ಲಗೆ ಹೆಂಗಸರ ಪಾಳಿಗೇ ಸೇರಿಕೊಂಡ. ಮುಂದಿದ್ದ ಮುದುಕಿ ತಿರುಗಿ ನೋಡಿ, “ಯಾಕಪ್ಪಾ, ನಿನಗೇನಾಗೈತಿ?” ಎಂದು ಗದರಿದಳು.

“ನನಗಲ್ಲಬೇ, ಹೆಣತಿಗೆ.”

ಒಮ್ಮೆ ಆಡಿದ ಸುಳ್ಳನ್ನು ಡಾಕ್ಟರಬಾಯಿ ಮುಂದೆಯೂ ಮುಂದುವರಿಸಬೇಕಾಯಿತು. “ಹೆಣತಿಗ್ರಿ ಬಾಯಾರ, ಬಲ ಮೊಣಕಾಲು. ಗಾದಿ ಮ್ಯಾಲಿಂದ ಏಳಾಕ ಆಗೂದಿಲ್ರಿ.”

“ನಿಮ್ಮ ಹೆಣತಿ ಗಾದಿ ಮ್ಯಾಲೆ ಕುಂಡ್ರತಾರೇನು?”

“ಹೂಂನ್ರಿ... ಅಲ್ರಿ, ಚಾಪಿ ಮ್ಯಾಲೆ.”

ಡಾಕ್ಟರಬಾಯಿ ಕನ್ನಡಕದ ಮೇಲಿಂದ ನೋಡಿದರು. “ಕಾಲು ನೋಡಲಾರದ ನಾ ಏನೂ ಹೇಳೂದಿಲ್ಲ. ಅವರನ್ನ ಕರಕೊಂಡ ಬರ್ರಿ.”

“ಎಲ್ಲಿ ಅದಾಳ ಆಕಿ?” ಬಾಗಿಲಲ್ಲಿ ಹನಮಂತವ್ವನ ದನಿ ಮೊಳಗಿತು. ಹಿಂದೆ ಶಂಕ್ರೆವ್ವ.

ಉಳವಪ್ಪನಿಗೆ ನೆಲ ಬಾಯಿಬಿಟ್ಟರೆ ಸಾಕಾಗಿತ್ತು. “ಯಾವಾಕಿ?”

“ನಿನ್ನ ಹೆಣತಿ!”

“ನಿನ್ನ ಹಿಂದ ನಿಂತಾಳಲ್ಲ!”

“ಬಂದ್ರಲ್ಲ, ಛಲೋ ಆತು,” ಎಂದು ಡಾಕ್ಟರಬಾಯಿ ಶಂಕ್ರೆವ್ವನನ್ನು ಕೂರಿಸಿದರು. “ನಿಮ್ಮ ಯಜಮಾನ್ರು ನಿಮ್ಮ ಬಲಗಾಲಿನ ನೋವು ಹೇಳೂದು ಕೇಳಿದ್ರ, ಅವರಿಗೇ ಬಂದೈತೇನೋ ಅನ್ನಬೇಕು. ಹೆಣತಿ ಮೊಣಕಾಲಿಗಂತ ಪಾಳಿ ನಿಂತ ಗಂಡ ಇವತ್ತ ಇವರೊಬ್ರ ನೋಡ್ರಿ.”

ಶಂಕ್ರೆವ್ವ ಗಂಡನ ಮುಖ ನೋಡಿದಳು. ಅವನ ಕೈ ತನ್ನ ಬಲ ಮೊಣಕಾಲನ್ನು ಒತ್ತಿ ಹಿಡಿದಿತ್ತು. “ನನ್ನ ಎರಡೂ ಕಾಲು ನೋಡಿಬಿಡ್ರಿ ಬಾಯಾರ,” ಎಂದಳು.

ಡಾಕ್ಟರಬಾಯಿ ಎರಡೂ ಕಾಲು ಒತ್ತಿ, ಮಡಚಿ ನೋಡಿ ಬೇಸರ ಮಾಡಿಕೊಂಡರು. “ಇಷ್ಟು ಸವೆಯೂತನಕ ಸುಮ್ಮನ ಕುಂತಿರೇನವಾ? ಇದು ಗಂಡಸರಿಗೂ ಬರತೈತಿ. ಆದ್ರ ಹೆಂಗಸರಿಗೇ ಹೆಚ್ಚು, ಮುಟ್ಟು ನಿಂತ ಮ್ಯಾಲಂತೂ ಇನ್ನೂ ಹೆಚ್ಚು. ನೋವೂ ನಿಮಗ ಜಾಸ್ತಿ, ತಡಾ ಮಾಡಿ ಬರೂದೂ ನೀವ.” ಕಾಲಿಗೆ ಹಾಕುವ ಪಟ್ಟಿ ಕೊಟ್ಟು, ದಿನಾ ಮಾಡುವ ವ್ಯಾಯಾಮ ಹೇಳಿಕೊಟ್ಟು, ಉಳವಪ್ಪನ ಕಡೆ ತಿರುಗಿದರು. “ಇನ್ನ ಇವರು ನೆಲದ ಮ್ಯಾಲೆ ಕುಂತು ರೊಟ್ಟಿ ಬಡಿಯೂದು ಬಂದ್. ಇಷ್ಟು ಕಾಳಜಿ ಇರೂ ಗಂಡ ಅದೀರಿ, ನೀವ ಬಡೀರಿ.”

ಉಳವಪ್ಪನ ಜೀವ ಬಾಯಿಗೆ ಬಂತು. ಹೋದರೆ ಹೋಗಲಿ ಮರ್ಯಾದೆ ಎಂದು ಬಾಯಿಬಿಟ್ಟ. “ಬಾಯಾರ, ಖರೇ ಹೇಳ್ತೀನಿ, ನನಗೂ ಮೊಣಕಾಲು...”

“ಕೇಳಿದ್ರೇನ್ರಿ!” ಹನಮಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೆಣತಿಗೆ ನೋವಾದ್ರ ತನಗೂ ಆದಂಗಂತ! ಇಂಥಾ ಬಂಗಾರದಂಥಾ ಮನಶ್ಯಾನ ಮ್ಯಾಲೆ ಸಂಶೆ ಪಟ್ಟಿಯಲ್ಲ ಶಂಕ್ರಕ್ಕಾ!”

ಪಾಳಿಯ ಹೆಂಗಸರೆಲ್ಲ ಅವನನ್ನು ಹೊಗಳಿದರು. ಮುದುಕಿ ದೃಷ್ಟಿ ತೆಗೆದಳು. ನಾಯಿಯೂ ಎದ್ದು ಬಾಲ ಅಲ್ಲಾಡಿಸಿತು.

ಸಂಜೆ ಅಡುಗೆ ಮನೆಯಲ್ಲಿ ಹಂಚು ಕಾದಿತ್ತು. ಶಂಕ್ರೆವ್ವ ಕುರ್ಚಿಯ ಮೇಲೆ ಕೂತು ಕಾಲಿಗೆ ಪಟ್ಟಿ ಬಿಗಿಯುತ್ತಿದ್ದಳು. ನೆಲದ ಮೇಲೆ ಕೂತ ಉಳವಪ್ಪ ಹಿಟ್ಟಿನ ಜೊತೆ ಗುದ್ದಾಡಿ ನಕ್ಷೆಯಂಥ ಒಂದು ರೊಟ್ಟಿಯನ್ನು ಹಂಚಿಗೆ ಹಾಕಿದ. ಮೊಣಕಾಲು ಲಟಕ್ ಎಂದಿತು.

“ಯವ್ವಾ! ಶಂಕ್ರೀ, ಆ ಎಣ್ಣಿ ಕದ್ದಾಂವ ನಾನ. ನನ್ನ ಕಾಲಿಗೇ ಹಚ್ಚಿಕೊಂಡೀನಿ.”

“ಗೊತ್ತೈತ್ರಿ.”

“ಗೊತ್ತೈತೇನು?”

“ಬಾಯಾರು ಬಲಗಾಲು ಅಂದಾಗ ಗೊತ್ತಾತು. ನನಗ ನೋಯೂದು ಎಡಗಾಲು. ಇಷ್ಟು ವರ್ಷ ಒಂದ ಮನ್ಯಾಗ ಅದೀವಿ, ಯಾವ ಕಾಲಂತ ಒಮ್ಮೆರೆ ಕೇಳೀರೇನು?”

ಉಳವಪ್ಪನಿಗೆ ನಾಚಿಕೆಯಾಯಿತು. ಖರೇ, ಬಹಳ ನಾಚಿಕೆಯಾಯಿತು. ಆದರೆ ನೋವು ಅದಕ್ಕಿಂತ ಜೋರಾಗಿತ್ತು. “ತಪ್ಪಾತು ಮಾರಾಯ್ತಿ. ಈಗ ಆ ಪಟ್ಟಿ ಒಂದೀಟು ಇತ್ತ ಕೊಡು.”

ಶಂಕ್ರೆವ್ವ ಎಡಗಾಲನ್ನು ಹಾಯಾಗಿ ಮುಂದಕ್ಕೆ ಚಾಚಿದಳು.

“ನಾಟಕ ಮಾಡಬ್ಯಾಡ್ರಿ. ಗಂಡಸರಿಗೆ ಎಲ್ಲರೆ ಬರತೈತೇನು? ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕ್ರಿ.”